ಏರು ಹತ್ತದ ಬೈಕು

ತುಂಗಾ ತವರಿಗೆ ಹೋಗಿ ಕೂತದ್ದಕ್ಕೆ ಕಾರಣ ಬೈಕಿನ ಕ್ಲಚ್ಚು ಎಂಬುದರಲ್ಲಿ ಅವಳ ಗಂಡ ಕೇಶವಪ್ರಸಾದನಿಗೆ ಸಂಶಯವಿರಲಿಲ್ಲ. ಬಂಟ್ವಾಳದ ಆ ಕೇರಿಯಲ್ಲಿ ಬೇರೆ ಯಾರಿಗೂ ಇರಲಿಲ್ಲ.

ಕೇಶವಪ್ರಸಾದ ವಕೀಲರೊಬ್ಬರ ಕಚೇರಿಯಲ್ಲಿ ಟೈಪಿಸ್ಟ್. ಮದುವೆಯಾದ ವರ್ಷವೇ, ಅಂದರೆ ಎಂಬತ್ತೊಂದರಲ್ಲಿ, ಮೂರನೆಯ ಕೈಯಿಂದ ಒಂದು ಹಳೆಯ ಮೋಟಾರ್ ಸೈಕಲ್ ಕೊಂಡಿದ್ದ. ಸಮತಟ್ಟು ರಸ್ತೆಯಲ್ಲಿ ಅದು ಚೆನ್ನಾಗಿಯೇ ಓಡುತ್ತಿತ್ತು. ಏರು ಬಂತೆಂದರೆ ಮಾತ್ರ ಕ್ಲಚ್ಚು ಜಾರುತ್ತಿತ್ತು. ಎಂಜಿನ್ನು ಎಷ್ಟು ಬೊಬ್ಬೆ ಹೊಡೆದರೂ, ವಕೀಲರು ಎಷ್ಟು ಗಟ್ಟಿಯಾಗಿ ವಾದಿಸಿದರೂ ಅಲ್ಲಾಡದ ನ್ಯಾಯಾಧೀಶರ ಹಾಗೆ, ಹಿಂದಿನ ಚಕ್ರ ತಣ್ಣಗೆ ಇರುತ್ತಿತ್ತು. ಆಗ ತುಂಗಾ ಇಳಿದು ನಡೆಯಬೇಕು. ಅವನು ಖಾಲಿ ಗಾಡಿಯನ್ನು ಹೇಗೋ ಮೇಲೆ ಹತ್ತಿಸಿ ಅಲ್ಲಿ ಕಾಯಬೇಕು. ಬಂಟ್ವಾಳ ತಾಲೂಕಿನಲ್ಲಿ ಏರಿಗೆ ಬರಗಾಲವಿಲ್ಲ. ಹಾಗಾಗಿ ಅವಳು ಮದುವೆಯಾದ ಮೇಲೆ ಬೈಕಿನಲ್ಲಿ ಕೂತದ್ದಕ್ಕಿಂತ ಅದರ ಹಿಂದೆ ನಡೆದದ್ದೇ ಹೆಚ್ಚು. ಆದರೂ ಅವಳು ಒಂದು ಮಾತು ಆಡಿದವಳಲ್ಲ.

ಮೂರು ವಾರದ ಹಿಂದೆ ಸಿದ್ದಕಟ್ಟೆಯಲ್ಲಿ ಒಂದು ಗೃಹಪ್ರವೇಶ. ದಾರಿಯಲ್ಲಿ ರಾಯಿ ಎಂಬ ಊರಿನ ಏರಿನಲ್ಲಿ ತುಂಗಾ ಎಂದಿನಂತೆ ಇಳಿದಳು. ಮೈಮೇಲೆ ಧಾರೆ ಸೀರೆ, ಕೈಯಲ್ಲಿ ಉಡುಗೊರೆಯ ಸ್ಟೀಲಿನ ಕೊಡಪಾನ. ಕೇಶವಪ್ರಸಾದ ಮೇಲೆ ಹತ್ತಿದ. ಹತ್ತಿದ ಬೈಕು ಎಂದೂ ಇಲ್ಲದಷ್ಟು ಹುರುಪಿನಲ್ಲಿತ್ತು. ಈಗ ನಿಲ್ಲಿಸಿದರೆ ಈ ಹುರುಪು ಮತ್ತೆ ಬರಲಿಕ್ಕಿಲ್ಲ ಎಂದು ಹೆದರಿ ಅವನು ನಿಲ್ಲಿಸದೆ ಹೋದ. ನಿಲ್ಲಿಸಿದ್ದು ಗೃಹಪ್ರವೇಶದ ಮನೆಯ ಚಪ್ಪರದ ಎದುರು. ತುಂಗಾ ಬಿಸಿಲಿನಲ್ಲಿ ಕೊಡಪಾನ ಹೊತ್ತು ನಡೆದು, ಆಮೇಲೆ ಸಿಕ್ಕಿದ ಬಸ್ಸು ಹಿಡಿದು ಬಂದಳು. ಹೆಂಗಸರ ಪಂಕ್ತಿಯಲ್ಲಿ ಕೂತು ಸಮಾಧಾನವಾಗಿ ಊಟ ಮಾಡಿದಳು. ಕೈತೊಳೆದು ರಸ್ತೆಗೆ ಬಂದು ಮೂಡುಬಿದಿರೆಯ ಬಸ್ಸು ಹತ್ತಿ ತಾಯಿಮನೆಗೆ ಹೋದಳು.

ಕ್ಲಚ್ಚು ಸರಿಮಾಡಿಸಿ, ಅದೇ ಬೈಕಿನಲ್ಲಿ ಹೋಗಿ, ಒಂದು ಏರಿನಲ್ಲೂ ಇಳಿಸದೆ ಅವಳನ್ನು ಕರೆತರಬೇಕೆಂದು ಕೇಶವಪ್ರಸಾದ ಈ ಭಾನುವಾರ ಹೊರಟ. ಅಂಗಳದಲ್ಲಿ ಬೈಕು ಒರೆಸುತ್ತಿದ್ದಾಗಲೇ ಪಕ್ಕದ ಮನೆಯ ಹುಕ್ರಪ್ಪ ಸ್ಪ್ಯಾನರ್ ಹಿಡಿದುಕೊಂಡು ಬಂದ. ಅವನು ಇಪ್ಪತ್ತು ವರ್ಷ ಲಾರಿ ಓಡಿಸಿ, ಸೊಂಟ ನೋವೆಂದು ಬಿಟ್ಟವನು.

"ಕ್ಲಚ್ಚು ಜಾರ್ತದೆ ಅಂದರೆ ಎಂತ ಅರ್ಥ ಭಟ್ರೇ? ಕೇಬಲು ಸಡಿಲ ಆಗಿದೆ ಅಂತ ಅರ್ಥ. ಬಿಗಿ ಮಾಡಿದರೆ ಮುಗೀತು."

"ಹೋದ ವಾರವೂ ನೀವು ಬಿಗಿ ಮಾಡಿದ್ದಿರಲ್ಲ ಹುಕ್ರಪ್ಪಣ್ಣ?"

"ಅದು ಸಾಕಾಗಲಿಲ್ಲ ಅಂತ ಈಗ ಗೊತ್ತಾಯ್ತಲ್ಲ," ಎಂದು ಹುಕ್ರಪ್ಪ ಕೂತ.

ಅವನ ಹೆಂಡತಿ ಪದ್ಮಾಕ್ಷಿ ಬೇಲಿಯ ಆಚೆಯಿಂದ ಬುದ್ಧಿ ಹೇಳಿದಳು. "ಅಲ್ಲಿ ಹೋಗಿ ಬೈಕಿನ ವಿಷಯ ಮಾತಾಡಬೇಡಿ. ಅವಳು ಬೈದರೆ ಬೈಸಿಕೊಳ್ಳಿ. ಮೂರು ವಾರ ಸಾರು ಮಾಡಿ ಕೊಟ್ಟೂ ಕೊಟ್ಟೂ ನನಗೂ ಸಾಕಾಗಿದೆ."

ಕೇಶವಪ್ರಸಾದ ತಲೆಯಾಡಿಸಿ ಹೊರಟ. ಪೇಟೆ ದಾಟಿದ ಮೇಲೆ ಬಂದ ಮೊದಲನೆಯ ಏರಿನಲ್ಲೇ ಬೈಕು ಹಿಂದಿಗಿಂತ ಹೆಚ್ಚು ಜಾರಿತು. ಮುಂಚೆ ಒಬ್ಬನನ್ನಾದರೂ ಹೊರುತ್ತಿತ್ತು. ಈಗ ಅವನೇ ಇಳಿದು ತಳ್ಳಬೇಕಾಯಿತು. ರಾಯಿಗೆ ಮುಟ್ಟುವಾಗ ಅಂಗಿ ಬೆನ್ನಿಗೆ ಅಂಟಿತ್ತು. ಅಲ್ಲಿ ಚಾದಂಗಡಿಯ ಬೆಂಚಿನಲ್ಲಿ ಕೂತಿದ್ದವರೊಬ್ಬರು ಎದ್ದು ಬಂದು ಕ್ಲಚ್ಚಿನ ಹಿಡಿ ಒತ್ತಿ ನೋಡಿ, "ಕೇಬಲು ಬಿಗಿ ಇಲ್ಲ ಮಾರಾಯ್ರೇ," ಎಂದು ಇನ್ನಷ್ಟು ತಿರುಪಿ ಕಳಿಸಿದರು. ಅಲ್ಲಿಂದ ಸಿದ್ದಕಟ್ಟೆಯವರೆಗೆ ಬೈಕು ಇಳಿತಗಳಲ್ಲಿ ಅವನನ್ನು ಹೊತ್ತುಕೊಂಡು ಹೋಯಿತು, ಉಳಿದ ಕಡೆ ಅವನು ಅದನ್ನು ನಡೆಸಿಕೊಂಡು ಹೋದ.

ಸಿದ್ದಕಟ್ಟೆಯಲ್ಲಿ ಮೂಸಬ್ಬನ ಅಂಗಡಿ ಇತ್ತು. ಅವನ ಕೆಲಸ ಪಂಪುಸೆಟ್ಟಿನ ರಿಪೇರಿ. ಮೋಟಾರ್ ಸೈಕಲನ್ನು ಅವನು ನೀರು ಎತ್ತದ ಪಂಪುಸೆಟ್ಟು ಎಂದೇ ತಿಳಿದು ರಿಪೇರಿ ಮಾಡುತ್ತಿದ್ದ. ಎಂಜಿನ್ನಿನ ಪಕ್ಕದ ಮುಚ್ಚಳ ಬಿಚ್ಚಿ, ಕ್ಲಚ್ಚಿನ ಪ್ಲೇಟುಗಳನ್ನು ಒಂದೊಂದಾಗಿ ತೆಗೆದು ಮೂಸಿದ.

"ವಾಸನೆ ನೋಡಿ ಭಟ್ರೇ."

ಕೇಶವಪ್ರಸಾದ ಮೂಸಿದ. ತಳ ಹಿಡಿದ ಪಾಯಸದ ವಾಸನೆ.

"ಪ್ಲೇಟಿಗೆ ಅಂಟಿಸಿದ ಕಾರ್ಕು ಸುಟ್ಟಿದೆ. ಆದರೆ ಪೂರ್ತಿ ಹೋಗಲಿಲ್ಲ. ಯಾಕೆ ಸುಡ್ತದೆ ಅಂತ ಮಾತ್ರ ನನಗೂ ಅರ್ಥ ಆಗುವುದಿಲ್ಲ. ಪೆಟ್ರೋಲಿನಲ್ಲಿ ತೊಳೆದು ಹಾಕುವ, ಎಣ್ಣೆ ಬದಲು ಮಾಡುವ. ಎಲ್ಲಿಗೆ ಹೊರಟದ್ದು ನೀವು?"

ಕೇಶವಪ್ರಸಾದ ಹೇಳಬಾರದೆಂದಿದ್ದ. ಆದರೆ ಬೆಳಗ್ಗಿನಿಂದ ಬೈಕು ತಳ್ಳಿ ತಳ್ಳಿ ಅವನ ಮನಸ್ಸು ಮೆತ್ತಗಾಗಿತ್ತು. ಕೊಡಪಾನದವರೆಗೆ ಎಲ್ಲವನ್ನೂ ಹೇಳಿದ. ಮೂಸಬ್ಬ ಪ್ಲೇಟು ಉಜ್ಜುತ್ತಾ ಗಂಭೀರವಾಗಿ ಕೇಳಿಸಿಕೊಂಡ.

"ಹಾಗಾದರೆ ಕೇಬಲನ್ನೂ ಒಳ್ಳೆ ಬಿಗಿ ಮಾಡಿಕೊಡ್ತೇನೆ. ಹೆಂಡತಿಯನ್ನು ಕರಕೊಂಡು ಬರುವಾಗ ಗಾಡಿಯಲ್ಲಿ ಎಂತದೂ ಸಡಿಲ ಇರಬಾರದು."

ಎಲ್ಲ ಜೋಡಿಸಿ ಕೇಬಲನ್ನು ತಿರುಪುವಷ್ಟು ತಿರುಪಿದ. ಅದರ ಸ್ಕ್ರೂ ಅಲ್ಲಾಡದ ಹಾಗೆ ಹಿಡಿಯುವ ನಟ್ಟು ಒಂದನ್ನು ಬಿಗಿಯುವುದು ಬಾಕಿ ಇತ್ತು. ಅಷ್ಟರಲ್ಲಿ ಚಕ್ರ ಪಂಚರಾದ ಬಾಡಿಗೆ ಕಾರೊಂದು ಬಂತು. ಅದರೊಳಗೆ ಹೆರಿಗೆ ನೋವಿನ ಹೆಂಗಸಿದ್ದಳು. ಮೂಸಬ್ಬ ಅತ್ತ ಓಡಿದ. ಕೇಶವಪ್ರಸಾದನೂ ಜಾಕಿ ಹಿಡಿಯಲು ಓಡಿದ. ಕಾರು ಹೋದ ಮೇಲೆ ಇಬ್ಬರಿಗೂ ನಟ್ಟಿನ ನೆನಪಿರಲಿಲ್ಲ.

ಸಿದ್ದಕಟ್ಟೆ ದಾಟಿದ ಮೇಲೆ ಮತ್ತೆ ಏರು, ಮತ್ತೆ ಬೊಬ್ಬೆ. ಕೇಶವಪ್ರಸಾದನಿಗೆ ಅಳು ಬರುವಂತಾಯಿತು. ಬೈಕಿನ ಮೇಲೆ ಗುಂಡಿಗಳಲ್ಲಿ ಕುಪ್ಪಳಿಸಿಕೊಂಡು ಒಂದಷ್ಟು ದೂರ ಹೋದ. ಮುಂದಿನ ಏರಿನ ಬುಡಕ್ಕೆ ಬಂದಾಗ ಇಳಿಯಲೆಂದು ಕಾಲು ಕೆಳಗೆ ಬಿಟ್ಟ. ಕಾಲಿನಡಿಯ ನೆಲ ಹಿಂದಕ್ಕೆ ಓಡಿತು. ಬೈಕು ಮೇಲೆ ಹತ್ತುತ್ತಿತ್ತು, ಅದೂ ಬೊಬ್ಬೆಯಿಲ್ಲದೆ.

ಏರಿನ ತಲೆಯಲ್ಲಿ ನಿಲ್ಲಿಸಿ ನೋಡಿದ. ಬಿಗಿಯದೆ ಉಳಿದ ನಟ್ಟು ಕುಲುಕಾಟಕ್ಕೆ ಸರಿದು, ಸ್ಕ್ರೂ ತಾನಾಗಿ ತಿರುಗಿ, ಕೇಬಲು ಸಡಿಲವಾಗಿತ್ತು. ಕ್ಲಚ್ಚಿನ ಹಿಡಿ ಸ್ವಲ್ಪ ದೂರ ಸುಮ್ಮನೆ ಬಂದು ಆಮೇಲೆ ಎಳೆಯುತ್ತಿತ್ತು. ಅವನು ರಸ್ತೆಯ ಬದಿಯಲ್ಲಿ ಕೂತು ಯೋಚಿಸಿದ. ಬಿಗಿ ಮಾಡಿದಷ್ಟೂ ಕೇಬಲು ಕ್ಲಚ್ಚನ್ನು ಹಿಡಿದೇ ಇರುತ್ತಿತ್ತು, ಅವನು ಹಿಡಿ ಮುಟ್ಟದಿದ್ದರೂ. ಅರ್ಧ ಹಿಡಿದ ಕ್ಲಚ್ಚು ಜಾರದೆ ಇನ್ನೇನು ಮಾಡೀತು? ಪ್ಲೇಟು ಸುಡದೆ ಇನ್ನೇನಾದೀತು? ಒಂದು ವರ್ಷದಿಂದ ಇಡೀ ಕೇರಿ ಸೇರಿ ರೋಗವನ್ನೇ ಮದ್ದೆಂದು ಕೊಡುತ್ತಾ ಬಂದಿತ್ತು. ನಟ್ಟನ್ನು ಅಲ್ಲಿಗೇ ಕೈಯಿಂದ ತಿರುಪಿ ಕೂರಿಸಿ, ಜೀವನದಲ್ಲಿ ಮೊದಲ ಸಲ ಹಾಡು ಗುನುಗುತ್ತಾ ಅವನು ಮೂಡುಬಿದಿರೆ ಸೇರಿದ.

ಅತ್ತೆ ಮೂಕಾಂಬಿಕಾ ಬಾಗಿಲಲ್ಲೇ ಅವನನ್ನು ನೋಡಿ ತಬ್ಬಿಬ್ಬಾದರು. "ನೀವು ಇಲ್ಲಿ? ತುಂಗಾ ಬೆಳಗ್ಗಿನ ಬಸ್ಸಿಗೇ ಬಂಟ್ವಾಳಕ್ಕೆ ಹೊರಟಳಲ್ಲ. ಅವರು ಬರುವವರಲ್ಲ, ನಾನೇ ಹೋಗ್ತೇನೆ ಅಂತ."

ಕೇಶವಪ್ರಸಾದ ಚಾವಡಿಯ ಕಂಬ ಹಿಡಿದು ನಿಂತ. "ಕ್ಲಚ್ಚು ಸರಿಯಾಯ್ತು ಅತ್ತೆ. ಇನ್ನು ಅವಳು ಇಳಿಯಬೇಕಾಗಿಲ್ಲ."

"ಇಳಿದು ನಡೆದದ್ದಕ್ಕೆ ಅವಳಿಗೆ ಬೇಸರ ಇಲ್ಲ," ಎಂದರು ಅತ್ತೆ, ಮೆಲ್ಲಗೆ. "ಆ ದಿನ ನೀವು ಒಮ್ಮೆಯಾದರೂ ತಿರುಗಿ ನೋಡ್ತೀರಿ ಅಂತ ಕೈ ಎತ್ತಿಕೊಂಡೇ ನಿಂತಿದ್ದಳಂತೆ."

ಮಾವ ನಾರಾಯಣಮೂರ್ತಿ ಆರಾಮಕುರ್ಚಿಯಲ್ಲಿದ್ದರು. ಶಾಲೆಯಲ್ಲಿ ಹೆಡ್‌ಮಾಸ್ತರರಾಗಿ ನಿವೃತ್ತರಾದವರು, ಅಳಿಯನೊಡನೆ ವರ್ಷಕ್ಕೆ ನಾಲ್ಕು ಮಾತು ಆಡುವವರು. "ಊಟ ಮಾಡಿ ಹೋಗಿ," ಎಂದು ಅದರಲ್ಲಿ ಒಂದನ್ನು ಆಡಿದರು.

"ಅವಳು ಅಲ್ಲಿ ಬೀಗ ಹಾಕಿದ ಮನೆಯ ಎದುರು ಕೂತಿದ್ದಾಳೆ ಮಾವ," ಎಂದು ಕೇಶವಪ್ರಸಾದ ಹಸಿದ ಹೊಟ್ಟೆಯಲ್ಲೇ ಬೈಕು ಏರಿದ.

ಹಿಂದಿರುಗುವಾಗ ಬೈಕು ಒಂದು ಏರನ್ನೂ ಲೆಕ್ಕಕ್ಕೆ ಇಡಲಿಲ್ಲ. ಆದರೆ ಅವನಿಗೆ ಬೈಕಿನ ಮೇಲೆ ಗಮನವಿರಲಿಲ್ಲ. ಅವಳಿಗೆ ಏನು ಹೇಳಬೇಕೆಂದು ಜೋಡಿಸುತ್ತಿದ್ದ. ರಾಯಿಗೆ ಬರುವಾಗ ವಕೀಲರ ಅರ್ಜಿಯಂತೆ ಉದ್ದವಾಗಿದ್ದದ್ದು, ಬಂಟ್ವಾಳಕ್ಕೆ ಬರುವಾಗ "ತಪ್ಪಾಯ್ತು" ಎಂಬಷ್ಟಕ್ಕೆ ಇಳಿದಿತ್ತು.

ಮನೆಗೆ ಬೀಗ ಹಾಗೆಯೇ ಇತ್ತು. ಜಗಲಿಯಲ್ಲಿ ಯಾರೂ ಇರಲಿಲ್ಲ. ಬೇಲಿಯ ಆಚೆಯಿಂದ ಪದ್ಮಾಕ್ಷಿ ನಗುಮುಖದಿಂದ ಬಂದಳು. ಅವಳ ಹಿಂದೆ ನಗು ಹಂಚಿಕೊಂಡು ಹುಕ್ರಪ್ಪ.

"ತುಂಗಾ ಬಂದಿದ್ದಳು ಭಟ್ರೇ. ನಮ್ಮಲ್ಲೇ ಊಟ ಮಾಡಿದಳು. ನೀವು ಕರಕೊಂಡು ಬರಲಿಕ್ಕೆ ಹೊರಟಿದ್ದೀರಿ ಅಂತ ಕೇಳಿ ಅವಳ ಕಣ್ಣಲ್ಲಿ ನೀರೇ ಬಂತು."

"ಈಗ ಎಲ್ಲಿದ್ದಾಳೆ?"

"ವಾಪಸು ಕಳಿಸಿದೆ. ಇಷ್ಟು ಕಷ್ಟಪಟ್ಟು ಗಂಡ ಕರೆಯಲಿಕ್ಕೆ ಹೋದಾಗ ಹೆಂಡತಿ ಅಲ್ಲಿ ಇಲ್ಲ ಅಂದರೆ ಮಾವನ ಮನೆಯಲ್ಲಿ ನಿಮ್ಮ ಮರ್ಯಾದೆ ಎಂತ ಆಗಬೇಕು? ಬೇಗ ಹೋಗಿ ಕೂತುಕೋ, ಏನೂ ಗೊತ್ತಿಲ್ಲದ ಹಾಗೆ ಇರು ಅಂತ ಹೇಳಿದೆ. ಸರಿ ಅಕ್ಕ ಅಂತ ಖುಷಿಯಲ್ಲೇ ಬಸ್ಸು ಹತ್ತಿದಳು."

"ಬೈಕು ತಡ ಮಾಡ್ತದೆ ಅಂತ ನಾನೇ ಲೆಕ್ಕ ಹಾಕಿ ಹೇಳಿದ್ದು," ಎಂದ ಹುಕ್ರಪ್ಪ. "ಇಷ್ಟು ಬೇಗ ಹೋಗಿ ಬರ್ತೀರಿ ಅಂತ ಯಾರು ಕಂಡದ್ದು?"

ಕೇಶವಪ್ರಸಾದ ಬೈಕನ್ನು ಮತ್ತೆ ತಿರುಗಿಸಿದ. ಪದ್ಮಾಕ್ಷಿ ಹಿಡಿಗೆ ಕೈ ಇಟ್ಟಳು. "ಹೋಗಬೇಡಿ. ಸಂಜೆಯೊಳಗೆ ಅವರು ಸಿಗದಿದ್ದರೆ ಕಡೆಯ ಬಸ್ಸಿಗೆ ಇಲ್ಲಿಗೇ ಬಾ ಅಂತಲೂ ಹೇಳಿದ್ದೇನೆ. ನೀವು ಹೋಗಿ ಅವಳು ಬಂದರೆ?"

ಅವನು ಇಳಿದ. ಹೋದರೆ ಅವಳು ಬರಬಹುದು, ಉಳಿದರೆ ಅವಳು ಕಾಯಬಹುದು. ಕಡೆಗೆ ಜಗಲಿಯಲ್ಲಿ ಕೂತು ರಸ್ತೆ ನೋಡತೊಡಗಿದ. ಎರಡು ಬಸ್ಸು ಬಂದವು, ಹೋದವು. ದೀಪ ಹಚ್ಚುವ ಹೊತ್ತಿಗೆ ಕಡೆಯ ಬಸ್ಸು ಕೇರಿಯ ಬಾಯಲ್ಲಿ ನಿಂತಿತು. ಒಬ್ಬರೇ ಇಳಿದರು. ಕೇಶವಪ್ರಸಾದ ಎದ್ದು ಅಂಗಳ ದಾಟಿ ಓಡಿದ.

ಇಳಿದವರು ಮಾವ.

"ಬಸ್ಸಿನಿಂದ ಬಂದವಳು, ಇನ್ನು ನಾನು ಕದಲುವುದಿಲ್ಲ, ಅವರೇ ಬಂದು ಕರಕೊಂಡು ಹೋಗಲಿ ಅಂತ ಕೂತಿದ್ದಾಳೆ," ಎಂದರು ನಾರಾಯಣಮೂರ್ತಿ. "ನೀವು ತಿರುಗಿ ಬರ್ತೀರಿ ಅಂತ ಕಾದೆವು. ಬರಲಿಲ್ಲ. ನಿಮ್ಮನ್ನು ಕರಕೊಂಡು ಹೋಗುವ ಅಂತ ನಾನೇ ಬಂದೆ."

"ಹಾಗಾದರೆ ಈಗಲೇ ಹೊರಡುವ ಮಾವ. ಬೈಕು ಸರಿ ಉಂಟು."

"ಕತ್ತಲೆಯಲ್ಲಿ ನನಗೆ ಆಗುವುದಿಲ್ಲ. ಬೆಳಿಗ್ಗೆ ನೋಡುವ."

ಬೆಳಿಗ್ಗೆ ಸೋಮವಾರ, ಕೋರ್ಟು. ವಕೀಲರು ಎಂಟಕ್ಕೇ ಬರಹೇಳಿದ್ದರು. ಕೇಶವಪ್ರಸಾದ ಬೀಗ ತೆಗೆದು, ದೀಪ ಹಾಕಿ, ಮಾವನಿಗೆ ಕಾಲು ತೊಳೆಯಲು ನೀರು ಕೊಟ್ಟ. ಮಾವ ಪಂಚೆಯಿಂದ ಕಾಲು ಒರೆಸಿಕೊಂಡು ಒಳಗೆ ಬಂದು, ಮಗಳಿಲ್ಲದ ಅಡುಗೆಮನೆಯ ಕಡೆ ಒಮ್ಮೆ ನೋಡಿದರು.

"ನಾನು ರಾತ್ರಿಗೆ ಗಂಜಿ ಮಾತ್ರ ಊಟ ಮಾಡುವುದು," ಎಂದರು. "ತುಂಗಾ ಚೆನ್ನಾಗಿ ಮಾಡ್ತಾಳೆ."