ಶನಿವಾರದ ಲೈಬ್ರರಿಗೆ ಪುಟ್ಟಿಯ ಸವಾರಿ

ಎರಡೂವರೆ ವರ್ಷದ ಮಗುವನ್ನು ಕರೆದುಕೊಂಡು ಎಲ್ಲಿಗೇ ಹೋಗಿ, ವಾಪಸ್ ಬರುವಾಗ ಹೇಳಿಕೊಳ್ಳಲು ಏನಾದರೊಂದು ಇದ್ದೇ ಇರುತ್ತದೆ. ನನ್ನ ಪಾಲಿಗೆ ಅದೆಲ್ಲ ಆಗುವುದು ಲೈಬ್ರರಿಯಲ್ಲಿ, ಅದೂ ಶನಿವಾರ ಬೆಳಿಗ್ಗೆ.

ನಾವು ತುಮಕೂರಿನ ಕಡೆಯವರು. ನನ್ನದು ಕೇಂದ್ರ ಸರ್ಕಾರದ ನೌಕರಿ, ಹೆಂಡತಿಯದು ಬ್ಯಾಂಕು. ಇಬ್ಬರಿಗೂ ವರ್ಗವಾಗಿ ಅಹಮದಾಬಾದಿನ ಚಾಂದ್‌ಖೇಡಾದಲ್ಲಿ ಮನೆ ಮಾಡಿದ್ದೇವೆ. ಮಗಳು ಪುಟ್ಟಿಗೆ ಕಾಲು ಬೇಗ ಬಂತು, ಬಾಯಿ ಮಾತ್ರ ಬರಲಿಲ್ಲ. 'ಅಪ್ಪ', 'ಅಮ್ಮ', 'ಬೇಕು', 'ಬೇಡ' ಇಷ್ಟರಲ್ಲೇ ಸಂಸಾರ ತೂಗಿಸುತ್ತಿದ್ದಳು. ಊರಿನಿಂದ ನಮ್ಮತ್ತೆ ದಿನಾ ಫೋನ್ ಮಾಡಿ, "ಮಗು ಮಾತಾಡ್ತಾ?" ಎಂದು ಕೇಳೋರು. ಕೇಳಿದಾಗೆಲ್ಲ ನನ್ನ ಹೆಂಡತಿಯ ಮುಖ ಸಣ್ಣದಾಗುತ್ತಿತ್ತು.

ಡಾಕ್ಟರು ನೋಡಿ, "ಕಿವಿ ಚೆನ್ನಾಗಿದೆ, ನಾಲಿಗೆ ಚೆನ್ನಾಗಿದೆ. ನಾಲ್ಕು ಮಕ್ಕಳ ಮಧ್ಯೆ ಬಿಡಿ, ಕಥೆ ಕೇಳಿಸಿ" ಎಂದರು. ಮನೆ ಹತ್ತಿರದ ಲೈಬ್ರರಿಯಲ್ಲಿ ಶನಿವಾರ ಪುಟಾಣಿ ಮಕ್ಕಳಿಗೆ ಕಥೆ ಹೇಳುತ್ತಾರೆ. ಬ್ಯಾಂಕಿದ್ದ ಶನಿವಾರ ನನ್ನ ಹೆಂಡತಿಗೆ ಬ್ಯಾಂಕು, ಬ್ಯಾಂಕಿಲ್ಲದ ಶನಿವಾರ ವಾರದ ಬಟ್ಟೆ. ಹೀಗಾಗಿ ಎಲ್ಲ ಶನಿವಾರಗಳೂ ನನ್ನ ಪಾಲಿಗೇ ಬಂದವು.

ಬಾ, ಬಾ

ಮೊದಲನೆಯ ದಿನ. ಕಥೆಯ ಕೋಣೆಯಲ್ಲಿ ಜಮಖಾನ ಹಾಸಿತ್ತು. ಅದರ ಮೇಲೆ ಮಕ್ಕಳು, ಮಕ್ಕಳ ಹಿಂದೆ ಅವರವರ ಅಜ್ಜಿಯರು. ಗಂಡಸು ಅಂತ ಇದ್ದವನು ನಾನೊಬ್ಬನೇ. ಪುಟ್ಟಿ ಬಾಗಿಲ ಚೌಕಟ್ಟನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು ಒಳಗೆ ಬರಲೊಲ್ಲಳು.

ನಾನು ಕುಕ್ಕರಗಾಲಲ್ಲಿ ಕೂತು, "ಬಾ, ಬಾ" ಎಂದೆ.

ಮುಂದೆ ಕೂತಿದ್ದ ಅಜ್ಜಿಯೊಬ್ಬರು ತಿರುಗಿ ನೋಡಿದರು. ಗಲಾಟೆಯಾಯಿತೇನೋ ಅಂದುಕೊಂಡು ದನಿ ತಗ್ಗಿಸಿ, ಇನ್ನಷ್ಟು ಅಕ್ಕರೆಯಿಂದ, "ಬಾ... ಬಾ..." ಎಂದೆ. ಅಜ್ಜಿ ಮಂಡಿಯ ಮೇಲೆ ಕೈಯೂರಿ, ಕಷ್ಟಪಟ್ಟು ಎದ್ದು, ನನ್ನ ಮುಂದೆ ಬಂದು ನಿಂತರು. "ಬೋಲ್, ಬೇಟಾ."

ಅವರಿಗೆ ಹೊರಗೆ ಹೋಗಲು ದಾರಿ ಬೇಕೇನೋ ಅಂತ ನಾನು ಪಕ್ಕಕ್ಕೆ ಸರಿದು, ಪುಟ್ಟಿಗೆ ಸ್ವಲ್ಪ ಜೋರಾಗಿ, "ಬಾ ಅಂದ್ರೆ!" ಎಂದೆ. ಹಿಂದಿನ ಸಾಲಿನಿಂದ ಇನ್ನಿಬ್ಬರು ಅಜ್ಜಿಯರು ಎದ್ದರು.

ಗುಜರಾತಿಯಲ್ಲಿ 'ಬಾ' ಅಂದರೆ ಅಮ್ಮ, ಅಜ್ಜಿ ಅಂತ ನನಗೆ ಗೊತ್ತಾದದ್ದು ಆಮೇಲೆ. ಆ ಹೊತ್ತಿಗೆ ಮೊದಲನೆಯ ಅಜ್ಜಿ ನನ್ನ ಕೈ ಹಿಡಿದುಕೊಂಡು, ಕಣ್ಣಲ್ಲಿ ನೀರು ತುಂಬಿಕೊಂಡು ಹಿಂದಿಯಲ್ಲಿ ಕೇಳುತ್ತಿದ್ದರು: "ಅಳಬೇಡಪ್ಪ, ನಿಮ್ಮ ತಾಯಿ ಎಲ್ಲಿ ಕಳೆದುಹೋದರು?"

ಪುಟ್ಟಿ ಸದ್ದಿಲ್ಲದೆ ಒಳಗೆ ಹೋಗಿ, ಖಾಲಿಯಾಗಿದ್ದ ಆ ಅಜ್ಜಿಯ ಜಾಗದಲ್ಲಿ ಚಕ್ಕಂಬಕ್ಕಲ ಹಾಕಿ ಕೂತಿದ್ದಳು.

ಆನೆ ಎಲ್ಲಿ?

ಕಥೆ ಹೇಳುವವರು ರಿಟೈರಾದ ಶಾಲಾ ಟೀಚರು. ಎಲ್ಲರೂ ಅವರನ್ನು 'ಬೆನ್' ಅನ್ನುತ್ತಾರೆ, ಅಂದರೆ ಅಕ್ಕ. ಅವರು ಹಾವು ಅಂದರೆ ಹಾವೇ ಆಗಿಬಿಡುತ್ತಾರೆ. ಆದರೆ ಎರಡು ಮಾತಿಗೊಮ್ಮೆ 'ಅನೆ ಪಛೀ' ಅನ್ನುವುದು ಅವರ ರೂಢಿ. 'ಆಮೇಲೆ' ಅಂತ ಅದರ ಅರ್ಥ.

ಅವತ್ತಿನದು ಬೆಲ್ಲ ಹುಡುಕಿಕೊಂಡು ಹೊರಟ ಇರುವೆಯ ಕಥೆ. ಬೆನ್ "ಅನೆ..." ಎಂದರು. ಪುಟ್ಟಿ ಎದ್ದು ನಿಂತು ಬಾಗಿಲ ಕಡೆ ನೋಡಿದಳು. ಯಾರೂ ಬರಲಿಲ್ಲ, ಕೂತಳು. "ಅನೆ ಪಛೀ..." ಮತ್ತೆ ಎದ್ದಳು. ಈ ಸಲ ಕಿಟಕಿಯವರೆಗೂ ಹೋಗಿ ಬಂದಳು. ಮೂರನೆಯ ಸಲ ಜಮಖಾನದ ಮೂಲೆ ಎತ್ತಿ ಅಡಿಯಲ್ಲಿ ಹುಡುಕಿದಳು. ಆಮೇಲೆ ಬೆನ್ ಕೂತಿದ್ದ ಕುರ್ಚಿಯ ಕೆಳಗೇ ತೂರಿಕೊಂಡಳು. ಅಲ್ಲೂ ಏನೂ ಸಿಗದೆ, ಅಲ್ಲಿಂದಲೇ ಹೋ ಎಂದು ಅಳು ತೆಗೆದಳು. "ಆನೆ! ಬೇಕು!"

ನಾನು ಬೆವರೊರೆಸಿಕೊಳ್ಳುತ್ತ, ನಮ್ಮ ಭಾಷೆಯಲ್ಲಿ ಆನೆ ಅಂದರೆ ಹಾಥಿ ಅಂತ ವಿವರಿಸಿದೆ. ಬೆನ್ ನಗಲಿಲ್ಲ. ಪುಟ್ಟಿಯನ್ನು ಹೊರಗೆಳೆದು, ಸೆರಗಿನಿಂದ ಮೂಗು ಒರೆಸಿ, ತೊಡೆಯ ಮೇಲೆ ಕೂರಿಸಿಕೊಂಡರು. ಮರುಕ್ಷಣ ಇರುವೆಯ ಅಡುಗೆಮನೆಯೊಳಗೆ ದೊಡ್ಡದೊಂದು ಆನೆ ಬಂದು, ಒಂದು ಲೋಟ ಚಹಾ ಕುಡಿದು ಹೋಯಿತು.

ಅಲ್ಲಿಂದ ಮುಂದೆ ಕಾಗೆಯ ಮದುವೆಯ ಕಥೆಯಿರಲಿ, ಮೀನಿನ ಹುಟ್ಟುಹಬ್ಬದ್ದಿರಲಿ, ಎಲ್ಲದಕ್ಕೂ ಆನೆ ಬಂದು ತಲೆ ತೋರಿಸಿ ಹೋಗುತ್ತದೆ. ಹೊಸದಾಗಿ ಬರುತ್ತಿದ್ದ ತಾಯಿಯೊಬ್ಬರು ನನ್ನ ಹತ್ತಿರ ಬಗ್ಗಿ, "ಇದೇನು ಭಾಯಿ, ಎಲ್ಲ ಕಥೆಯಲ್ಲೂ ಆನೆ?" ಎಂದು ಕೇಳಿದರು.

"ಅದು ಕರ್ನಾಟಕದ ಕೋಟಾ" ಎಂದೆ.

ಶ್!

ಕಥೆಯ ಕೋಣೆಯ ಪಕ್ಕದಲ್ಲೇ ಪೇಪರ್ ಓದುವ ಹಾಲ್. ಅಲ್ಲೊಬ್ಬರು ಹಿರಿಯರಿದ್ದಾರೆ. ಫ್ಯಾನ್ ಕಿರುಗುಟ್ಟಿದರೂ ಅದರ ಕಡೆ ತಿರುಗಿ "ಶ್!" ಅನ್ನುವವರು. ಲೈಬ್ರರಿಯವರೇ ಅವರಿಗೆ ಹೆದರುತ್ತಾರೆ.

ಒಂದು ದಿನ ಬೆನ್ ಹುಲಿಯಾಗಿ ಗರ್ಜಿಸಿದರು. ಮಕ್ಕಳೆಲ್ಲ ಕಿರುಚಿಕೊಂಡು ಅಜ್ಜಿಯರ ಮಡಿಲು ಸೇರಿದರು. ಗಲಾಟೆ ಇಳಿದ ಮೇಲೆ ನೋಡಿದರೆ ಪುಟ್ಟಿ ಇಲ್ಲ.

ಕಪಾಟುಗಳ ಹಿಂದೆ ನೋಡಿದೆ, ಚಪ್ಪಲಿ ಬಿಡುವ ಜಾಗದಲ್ಲಿ ನೋಡಿದೆ. ಗೇಟಿನವರೆಗೆ ಓಡಿದೆ. ಆಚೆ ರಸ್ತೆಯಲ್ಲಿ ಆಟೋಗಳು ಹರಿದಾಡುತ್ತಿದ್ದವು. ಕೊನೆಗೆ ಪೇಪರ್ ಹಾಲ್‌ಗೆ ನುಗ್ಗಿ ಆ ಹಿರಿಯರ ಮುಂದೆ ನಿಂತೆ. ಮುಖಕ್ಕೆ ಅಡ್ಡವಾಗಿ ಪೇಪರ್ ಬಿಡಿಸಿ ಹಿಡಿದಿದ್ದರು.

"ಅಂಕಲ್, ನನ್ನ ಮಗಳು..."

"ಶ್!" ಪೇಪರಿನ ಹಿಂದಿನಿಂದ ಬಂತು.

"ಚಿಕ್ಕ ಮಗು, ಹಳದಿ ಫ್ರಾಕು..."

"ಶ್! ಓದ್ತಾ ಇದ್ದಾಳೆ."

ಪೇಪರ್ ಮೆಲ್ಲಗೆ ಕೆಳಗಿಳಿಯಿತು. ಅವರ ತೊಡೆಯ ಮೇಲೆ ಪುಟ್ಟಿ. ಕೈಯಲ್ಲಿ ಹಪ್ಪಳದ ಹಾಗೆ ಗರಿಗರಿಯಾದ ಖಾಕ್ರಾ ರೊಟ್ಟಿ, ಮೂಗಿನವರೆಗೂ ಅದರ ಪುಡಿ. ಅವರ ತಲೆಯ ಮೇಲಿನ ಗೋಡೆಯಲ್ಲಿ 'ಇಲ್ಲಿ ತಿನ್ನಬಾರದು' ಎಂಬ ಬೋರ್ಡು.

ಹೋದ ಜೀವ ಬಂದ ಹಾಗಾಗಿ ನಾನು ಪಕ್ಕದ ಕುರ್ಚಿಯಲ್ಲಿ ಕುಸಿದು ಕೂತೆ. ಕಣ್ಣು ಹಾಗೇ ಬೋರ್ಡಿನ ಕಡೆ ಹೋಯಿತು. ಅವರೂ ತಲೆಯೆತ್ತಿ ನೋಡಿದರು.

"ಅದು ಮಕ್ಕಳಿಗಲ್ಲ."

"ಮತ್ತೆ ನಿಮಗೆ?"

ಹಿರಿಯರು ಬಾಯಲ್ಲಿದ್ದದ್ದನ್ನು ಗುಟುಕ್ಕನೆ ನುಂಗಿ, ಜೇಬಿನಿಂದ ಇನ್ನೊಂದು ಖಾಕ್ರಾ ತೆಗೆದು ನನ್ನ ಕೈಗಿಟ್ಟರು. "ಸದ್ದು ಮಾಡದೆ ತಿನ್ನು."

ಖಾಕ್ರಾವನ್ನು ಸದ್ದು ಮಾಡದೆ ತಿನ್ನುವುದು ಹೇಗೆ ಅಂತ ಇವತ್ತಿಗೂ ನನಗೆ ಗೊತ್ತಿಲ್ಲ.

ಸಾಹೇಬರ ಕಥೆ

ಒಂದು ಶನಿವಾರ ಬೆನ್‌ಗೆ ಗಂಟಲು ಕಟ್ಟಿ ಮಾತೇ ಹೊರಡಲಿಲ್ಲ. ಮಕ್ಕಳು ಆಗಲೇ ಬಂದು ಕೂತಿದ್ದರು. ಅಜ್ಜಿಯರು ಒಬ್ಬರ ಮೇಲೊಬ್ಬರು ಹಾಕಿ, ಕೊನೆಗೆ ಎಲ್ಲರೂ ನನ್ನ ಕಡೆ ತಿರುಗಿದರು. ನನಗೆ ಗುಜರಾತಿ ಬರುವುದಿಲ್ಲ ಎಂದೆ. "ಆಫೀಸಲ್ಲಿ ಹೇಗೆ ಮಾತಾಡ್ತೀಯ? ಅಷ್ಟೇ ಸಾಕು" ಎಂದು ಕುರ್ಚಿಗೆ ತಳ್ಳಿದರು.

ತೊಂದರೆ ಇದ್ದದ್ದೇ ಅಲ್ಲಿ. ನನಗೆ ಬರುವುದು ಆಫೀಸಿನ ಗುಜರಾತಿ ಮಾತ್ರ.

ಮೊಲವೊಂದು ಜೇನು ಕೇಳಲು ಕರಡಿಯ ಮನೆಗೆ ಹೋಯಿತು ಅಂತ ಹಿಂದಿ, ಗುಜರಾತಿ, ಕೈಸನ್ನೆ ಎಲ್ಲ ಸೇರಿಸಿ ಶುರುಮಾಡಿದೆ. ಬಾಗಿಲು ಬಡಿಯಿತು. ಕರಡಿಯ ಹೆಂಡತಿ ಹೊರಗೆ ಬಂದಳು. ಅವಳು ಏನು ಹೇಳಬೇಕು? ನನ್ನ ಬಾಯಿಗೆ ಬಂದದ್ದು ಒಂದೇ: "ಸಾಹೇಬ್ ನಥೀ. ಕಾಲೇ ಆವಜೋ." ಸಾಹೇಬರಿಲ್ಲ, ನಾಳೆ ಬನ್ನಿ.

ಮಕ್ಕಳು ಕಿಸಕ್ಕನೆ ನಕ್ಕರು. ಮಾರನೆಯ ದಿನ ಮೊಲ ಮತ್ತೆ ಹೋಯಿತು. ಸಾಹೇಬರು ಮೀಟಿಂಗಿನಲ್ಲಿದ್ದರು. ಅದರ ಮಾರನೆಯ ದಿನ ಊಟಕ್ಕೆ ಹೋಗಿದ್ದರು. ಆಮೇಲೆ ಮೊಲ ತನ್ನ ಫೋಟೋ ತಂದಿರಲಿಲ್ಲ. ಪ್ರತಿ ಸಲವೂ ಕೊನೆಗೆ, "ಕಾಲೇ ಆವಜೋ!" ಅಷ್ಟು ಹೊತ್ತಿಗೆ ಮಕ್ಕಳೂ ನನ್ನ ಜೊತೆ ಕೂಗುತ್ತಿದ್ದರು. ಅಜ್ಜಿಯರು ಪೆನ್ಶನ್‌ಗೆ ತಾವು ಅಲೆದದ್ದನ್ನು ನೆನೆಸಿಕೊಂಡು ಕಣ್ಣೊರೆಸಿಕೊಂಡು ನಗುತ್ತಿದ್ದರು. ಕರಡಿ ಕೊನೆಗೂ ಜೇನು ಕೊಟ್ಟಾಗ ಮಕ್ಕಳಿಗೆ ಬೇಸರವೇ ಆಯಿತು. ಇನ್ನೊಂದು ಸಲ ಹೇಳಿಸಿದರು. ಪುಟ್ಟಿ ಮಾತ್ರ ನಗಲೂ ಇಲ್ಲ, ಕೂಗಲೂ ಇಲ್ಲ. ನನ್ನ ಬಾಯನ್ನೇ ನೋಡುತ್ತ ಕೂತಿದ್ದಳು.

ಸಂಜೆ ನನ್ನ ಹೆಂಡತಿ ಬ್ಯಾಂಕಿನಿಂದ ಬಂದು, ಅನ್ನ ಕಲಸಿಕೊಂಡು ಪುಟ್ಟಿಯನ್ನು ಹುಡುಕಿದಳು. ಅವಳು ರೂಮಿನೊಳಗೆ ಬಾಗಿಲು ಮುಂದೆ ಮಾಡಿಕೊಂಡು ಆಡುತ್ತಿದ್ದಳು. ಹೆಂಡತಿ ಬಾಗಿಲು ತಟ್ಟಿ, "ಪುಟ್ಟೀ, ಊಟಕ್ಕೆ ಬಾರಮ್ಮ" ಎಂದಳು.

ಒಳಗಿನಿಂದ ಸ್ಪಷ್ಟವಾಗಿ, ಒಂದಕ್ಷರ ತಪ್ಪದೆ ಬಂತು: "ಸಾಹೇಬ್ ನಥೀ. ಕಾಲೇ ಆವಜೋ."

ನನ್ನ ಹೆಂಡತಿ ತಟ್ಟೆ ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟಳು. ಕಣ್ಣು ತುಂಬಿತ್ತು, ತುಟಿ ನಗುತ್ತಿತ್ತು. ನನ್ನ ಕಡೆ ತಿರುಗಿ ಕೇಳಿದಳು:

"ಮಗಳಿಗೆ ಮಾತು ಬಂತು ಅಂತ ಕುಣೀಲೋ, ನಿಮ್ಮ ಆಫೀಸಿನ ಬುದ್ಧೀನೂ ಬಂತು ಅಂತ ಅಳಲೋ?"