ಷಡ್ಡಕನ ಹೆಬ್ಬೆರಳು

ಷಡ್ಡಕ ಅಂತ ಒಬ್ಬ ಹತ್ತಿರದ ಊರಲ್ಲಿ ಇದ್ದುಬಿಟ್ಟರೆ ಸಾಕು, ಮನುಷ್ಯನ ಹೊಟ್ಟೆ ಉರಿಯುವುದಕ್ಕೆ ಬೇರೆ ಕಾರಣವೇ ಬೇಡ. ಪ್ರಸಂಗಗಳು ತಾವೇ ವಿಳಾಸ ಹುಡುಕಿಕೊಂಡು ಬಾಗಿಲಿಗೆ ಬರುತ್ತವೆ. ನನ್ನ ಮನೆ ಊರಿಗಾಂನಲ್ಲಿ, ಅವನದು ಬಂಗಾರಪೇಟೆಯಲ್ಲಿ. ನನ್ನ ಹೆಂಡತಿಯ ಅಕ್ಕನ ಗಂಡ. ಎದುರಿಗೆ ‘ಅಣ್ಣಾ’ ಅಂತೀನಿ. ಹಿಂದೆ ಏನಂತೀನಿ ಅನ್ನುವುದು ಇಲ್ಲಿ ಬೇಡ.

ನಾನು ಕೆ.ಜಿ.ಎಫ್‌ನ ಒಂದು ಕಾರ್ಖಾನೆಯಲ್ಲಿ ಬುಲ್ಡೋಜರ್ ಟೆಸ್ಟ್ ಮಾಡುವವನು. ಹೊಸ ಗಾಡಿ ತಯಾರಾಗಿ ಶೆಡ್ಡಿನಿಂದ ಹೊರಗೆ ಬಂದರೆ ಅದರ ಮೇಲೆ ಮೊದಲು ಹತ್ತಿ ಕೂರುವುದು ನಾನೇ. ಇಪ್ಪತ್ತಾರು ವರ್ಷದಲ್ಲಿ ಒಂದು ಗೋಡೆಗೂ ತಾಗಿಸಿಲ್ಲ. ಇದನ್ನು ಮನೆಯಲ್ಲಿ ಯಾರೂ ಇವತ್ತಿನವರೆಗೆ ಹೊಗಳಿಲ್ಲ.

ಷಡ್ಡಕನದು ಬಂಗಾರಪೇಟೆ ಸ್ಟೇಷನ್ ಹತ್ತಿರ ಪಾನಿಪೂರಿ ಅಂಗಡಿ. ನಮ್ಮ ಕಡೆಯ ಪಾನಿ ನಿಮಗೆ ಗೊತ್ತಲ್ಲ, ನೋಡಿದರೆ ಬರೀ ನೀರು, ಕುಡಿದರೆ ಮೂಗಲ್ಲೂ ಕಣ್ಣಲ್ಲೂ ನೀರು. ದಿನಾ ಸಾಯಂಕಾಲ ಹೆಬ್ಬೆರಳಲ್ಲಿ ಟಕ್ ಟಕ್ ಅಂತ ಪೂರಿಗೆ ತೂತು ಹಾಕಿ ಹಾಕಿ, ಪೂರಿ ಒಡೆಯದೆ ತೂತು ಮಾತ್ರ ಬೀಳುವ ಹಾಗೆ ಅವನ ಹೆಬ್ಬೆರಳು ಪಳಗಿಬಿಟ್ಟಿದೆ. ವಿಡಿಯೋ ಗೇಮ್ ಕಂಡುಹಿಡಿದ ಪುಣ್ಯಾತ್ಮ ಇವನ ಹೆಬ್ಬೆರಳಿನ ಅಳತೆ ತೆಗೆದುಕೊಂಡೇ ಕಂಡುಹಿಡಿದನೋ ಏನೋ, ಯಾವ ಆಟ ಕೈಗೆ ಕೊಟ್ಟರೂ ಗೆಲ್ಲುತ್ತಾನೆ. ಅವನು ಗೆದ್ದಾಗಲೆಲ್ಲಾ ನನ್ನ ಹೆಂಡತಿ ನನ್ನ ಕಡೆ ತಿರುಗಿ, ‘ನಮ್ ಬಾವ ನೋಡ್ರೀ ಎಂಗವ್ರೆ!’ ಅಂತಾಳೆ. ಬೆಳಿಗ್ಗೆ ಕಾಫಿ ಜೊತೆಗೂ ಇದೇ, ರಾತ್ರಿ ಮುದ್ದೆ ಜೊತೆಗೂ ಇದೇ.

ಒಂದೇ ಒಂದು ಸಲ ಅವಳ ಬಾಯಲ್ಲಿ ‘ನಮ್ಮೋರು ಗೆದ್ರು’ ಅನ್ನಿಸಿಕೊಳ್ಳಬೇಕು. ಆ ಎರಡು ಮಾತಿಗೋಸ್ಕರ ಈ ವಯಸ್ಸಿನಲ್ಲಿ ಕಂಡಕಂಡ ಆಟಕ್ಕೆಲ್ಲಾ ಕೈ ಹಾಕಿದೆ.

ಒಂದು ಕಲ್ಲಂಗಡಿ

ಶುರುವಾಗಿದ್ದು ಒಂದು ಭಾನುವಾರ. ಬಂಗಾರಪೇಟೆಯಲ್ಲಿ ಕೋಳಿಸಾರಿನ ಊಟ. ಕೈ ತೊಳೆದು ಬಂದು ನೋಡುತ್ತೇನೆ, ಷಡ್ಡಕ ಸೋಫಾದಲ್ಲಿ ಒರಗಿಕೊಂಡು ಮೊಬೈಲಲ್ಲಿ ಹಣ್ಣು ಕತ್ತರಿಸುವ ಆಟ ಆಡುತ್ತಿದ್ದಾನೆ. ಕೆಳಗಿನಿಂದ ಹಣ್ಣು ಹಾರಿ ಬರುತ್ತವೆ, ಇವನು ಬೆರಳಲ್ಲಿ ಸರ್ರ್ ಅಂತ ಸೀಳುತ್ತಾನೆ. ಒಂದು ಹಣ್ಣಾದರೂ ತಪ್ಪಿಸಿಕೊಳ್ಳಬೇಕಲ್ಲ! ಒಂದು ಕಡೆ ನನ್ನ ಹೆಂಡತಿ, ಇನ್ನೊಂದು ಕಡೆ ನಮ್ಮ ಅತ್ತೆ, ಇಬ್ಬರೂ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದಾರೆ. ಅತ್ತೆ ಇರುವುದು ದೊಡ್ಡ ಮಗಳ ಮನೆಯಲ್ಲೇ. ಹಾಗಾಗಿ ಅವನ ಅಭಿಮಾನಿಗಳಲ್ಲಿ ಅವರೇ ಹಿರಿಯರು. ನಾನು ಹತ್ತು ಟನ್ ಮಣ್ಣು ನೂಕಿದಾಗ ಒಬ್ಬರೂ ಹೀಗೆ ಬಾಯಿ ಬಿಟ್ಟಿರಲಿಲ್ಲ.

‘ನೀನೂ ಒಂದ್ ಕೈ ನೋಡು ತಮ್ಮಾ,’ ಅಂತ ಫೋನ್ ಕೊಟ್ಟ.

ನನಗೋ ಲಿವರ್ ಹಿಡಿದು ರೂಢಿ. ಗಟ್ಟಿಯಾಗಿ ಒತ್ತಿದರೇ ಕೆಲಸ ಆಗುವುದು ಅಂತ ಕೈಗೆ ಗೊತ್ತು. ಮೊದಲನೇ ಹಣ್ಣು ತಪ್ಪಿತು, ಎರಡನೆಯದೂ ತಪ್ಪಿತು. ಅಷ್ಟರಲ್ಲಿ ಒಂದು ದಪ್ಪ ಕಲ್ಲಂಗಡಿ ಹಾರಿತು. ಹೊಟ್ಟೆಯಲ್ಲಿದ್ದ ಉರಿಯನ್ನೆಲ್ಲಾ ಹೆಬ್ಬೆರಳಿಗೆ ತಂದು ಒತ್ತಿ ಎಳೆದೆ. ಚಟ್ ಅಂತ ಸದ್ದಾಯಿತು. ಫೋನಿನ ಗಾಜು ಈ ಮೂಲೆಯಿಂದ ಆ ಮೂಲೆಗೆ ಸೀಳಿಕೊಂಡಿತ್ತು. ಕಲ್ಲಂಗಡಿ ಮಾತ್ರ ಇಡಿಯಾಗಿ ಕೆಳಗೆ ಬಿತ್ತು.

ಅತ್ತೆ ಕನ್ನಡಕ ಏರಿಸಿಕೊಂಡು ಬಗ್ಗಿ ನೋಡಿದರು. ‘ಅಯ್ಯೋ ದೇವುಡಾ! ಅಣ್ಣು ಕುಯ್ಯಿ ಅಂದ್ರೆ ನಮ್ ಚಿಕ್ಕಳಿಯಂದ್ರು ಪೋನೇ ಕುಯ್ದು ಇಟ್ಟವ್ರಲ್ಲಮ್ಮಾ!’

ಜೇಬಿನ ಆಟ

ಬೆಂಗಳೂರಲ್ಲಿ ಒಂದು ಗೃಹಪ್ರವೇಶಕ್ಕೆ ಹೊರಟಿದ್ದೆವು. ನಾನೂ ಹೆಂಡತಿಯೂ ಊರಿಗಾಂನಲ್ಲಿ ರೈಲು ಹತ್ತಿದೆವು. ರೈಲು ಮಾರಿಕುಪ್ಪಂನಿಂದಲೇ ತುಂಬಿಕೊಂಡು ಬಂದಿತ್ತು. ಹೇಗೋ ಮೂರು ಸೀಟು ಹಿಡಿದು, ಒಂದರ ಮೇಲೆ ಕರ್ಚೀಫು ಹಾಕಿ ಷಡ್ಡಕನಿಗೆ ಇಟ್ಟಿದ್ದೆ. ಹೊಟ್ಟೆಕಿಚ್ಚು ಬೇರೆ, ಸೀಟು ಬೇರೆ. ಬಂಗಾರಪೇಟೆಯಲ್ಲಿ ಹತ್ತಿದವನು ಕೂತ ತಕ್ಷಣ, ‘ಲೂಡೋ ಆಡಾನ?’ ಅಂದ.

ಮೂರು ಫೋನಲ್ಲಿ ಮೂವರು. ಅವನಿಗೆ ಆರರ ಮೇಲೆ ಆರು ಬೀಳುತ್ತವೆ. ನನಗೆ ಆರು ಬಿದ್ದು ಮೊದಲನೇ ಕಾಯಿ ಹೊರಗೆ ಬರುವ ಹೊತ್ತಿಗೆ ಟೇಕಲ್ ದಾಟಿತ್ತು. ಬಂದ ಕಾಯನ್ನು ನನ್ನ ಹೆಂಡತಿಯೇ ಹೊಡೆದಳು. ಹೊಡೆದಿದ್ದಕ್ಕೆ ಅವನು, ‘ಸಬಾಸ್ ಕಣಮ್ಮಾ!’ ಅಂದ. ಮೈಯೆಲ್ಲಾ ಉರಿದುಹೋಯಿತು. ಅಷ್ಟರಲ್ಲಿ ನನ್ನ ಫೋನಿನ ಸಿಗ್ನಲ್ ಹೋಯಿತು. ನಾನು ಒತ್ತಿದ್ದೂ ಒತ್ತಿದ್ದೇ, ದಾಳ ಅಲ್ಲಾಡುವುದಿಲ್ಲ. ಹಾಳಾಗಿ ಹೋಗಲಿ ಅಂತ ಫೋನನ್ನು ಜೇಬಿಗೆ ತುರುಕಿ, ಮುಖ ಊದಿಸಿಕೊಂಡು ಕಿಟಕಿ ಕಡೆ ತಿರುಗಿ ಕೂತೆ.

ಬೆಂಗಳೂರಲ್ಲಿ ಇಳಿಯುವಾಗ ಜೇಬಲ್ಲಿ ಏನೋ ಪಟಾಕಿ ಸದ್ದು. ತೆಗೆದು ನೋಡಿದರೆ ಫೋನಲ್ಲಿ ಬಣ್ಣದ ಕಾಗದ ಹಾರುತ್ತಿದೆ, ನನ್ನ ಹೆಸರಿನ ಮೇಲೆ ಕಿರೀಟ!

‘ಗೆದ್ದೆ! ನಾನ್ ಗೆದ್ದೆ!’ ಅಂತ ಪ್ಲಾಟ್‌ಫಾರಂ ಮೇಲೆ ಕೂಗಿದೆ. ಇಬ್ಬರು ಕೂಲಿಗಳು ತಿರುಗಿ ನೋಡಿದರು.

ಷಡ್ಡಕ ಬಗ್ಗಿ ನೋಡಿ ನಕ್ಕ. ‘ನೀನೆಲ್ಲಿ ಗೆದ್ದೆ ತಮ್ಮಾ? ಸಿಗ್ನಲ್ ಓದ್ರೆ ನಮ್ ಬದ್ಲು ಆಟಾನೇ ಕಾಯಿ ನಡೆಸ್ತದೆ. ಎಲ್ಲಾ ಅದೇ ಆಡೈತೆ.’

ಹೆಂಡತಿಯ ಮುಖ ನೋಡಿದೆ. ಆ ಎರಡು ಮಾತು ಈಗಲಾದರೂ ಬರಬಹುದೇನೋ ಅಂತ ಆಸೆ. ಅವಳು ಸೆರಗು ಸರಿಮಾಡಿಕೊಂಡು, ‘ಇನ್ಮೇಲೆ ನೀವು ಆಡಾಕ್ ಓಗ್ಬೇಡ್ರೀ,’ ಅಂದಳು. ‘ನಿಮಗಿಂತ ನಿಮ್ ಜೇಬೇ ಚೆಂದಾಗ್ ಆಡ್ತದೆ.’

ಹಾರನ್ ಎಲ್ಲಿದೆ?

ಅಭ್ಯಾಸ ಇಲ್ಲದೆ ಇವನನ್ನು ಸೋಲಿಸುವುದು ಆಗದ ಮಾತು ಅಂತ ತಿಳಿಯಿತು. ರಾಬರ್ಟ್‌ಸನ್‌ಪೇಟೆ ಮಾರ್ಕೆಟ್ ಹತ್ತಿರ ಒಂದು ಮಹಡಿ ಮೇಲೆ ಗೇಮ್ ಸೆಂಟರ್ ಇದೆ. ಶಿಫ್ಟ್ ಮುಗಿಸಿ, ಮನೆಯಲ್ಲಿ ತರಕಾರಿ ತರ್ತೀನಿ ಅಂತ ಹೇಳಿ, ಕೈಯಲ್ಲಿ ಚೀಲ ಹಿಡಿದುಕೊಂಡೇ ಮೆಟ್ಟಿಲು ಹತ್ತಿದೆ.

‘ವಾಂಗ ಸಾರ್,’ ಅಂತ ತಮಿಳಲ್ಲೇ ಒಳಗೆ ಕರೆದ ಅಂಗಡಿಯವನು. ‘ಮಗನ್ನ ಕರ್ಕೊಂಡು ಓಗಾಕ್ ಬಂದ್ರಾ? ಇವತ್ತು ಯಾರೂ ಬಂದಿಲ್ಲ.’

‘ಇಲ್ಲಪ್ಪಾ, ನಾನೇ ಆಡಕ್ಕೆ.’

ಅವನು ಒಂದು ಸಲ ನನ್ನ ತಲೆಗೂದಲು ನೋಡಿದ, ಒಂದು ಸಲ ಚೀಲ ನೋಡಿದ. ಆಮೇಲೆ ಕಾರ್ ರೇಸಿನ ಆಟಕ್ಕೆ ಕೂರಿಸಿದ. ಮುಂದೆ ದೊಡ್ಡ ಟಿ.ವಿ., ಕೈಗೆ ಸ್ಟೇರಿಂಗು, ಕಾಲಿಗೆ ಪೆಡಲು. ಸ್ಟೇರಿಂಗ್ ಮುಟ್ಟಿದ ಮೇಲೆ ಜೀವ ಬಂತು. ಇದು ನಮ್ಮ ಜಾತಿ ಯಂತ್ರ ಅಂದುಕೊಂಡೆ.

ಹಸಿರು ದೀಪ ಬಿತ್ತು. ಬೇರೆ ಕಾರುಗಳೆಲ್ಲಾ ಬುರ್ರ್ ಅಂತ ಹಾರಿಹೋದವು. ನಾನು ಎರಡೂ ಕಡೆ ನೋಡಿ, ಮೆಲ್ಲಗೆ ಕಾರು ಮುಂದಕ್ಕೆ ಬಿಟ್ಟೆ. ಮೊದಲನೇ ತಿರುವು ಬಂತು. ಬ್ರೇಕ್ ಹಾಕಿ ನಿಲ್ಲಿಸಿ, ‘ಹಾರನ್ ಎಲ್ಲಿದೆ?’ ಅಂತ ಕೇಳಿದೆ.

‘ಹಾರನ್ನಾ? ಸಾರ್, ಇದು ರೇಸು.’

‘ಆಗ್ಲಪ್ಪಾ. ತಿರುವಲ್ಲಿ ಹಾರನ್ ಇಲ್ದೆ ಹೆಂಗೆ ಹೋಗೋದು?’

ನಾನು ಎರಡನೇ ತಿರುವಿಗೆ ಬರುವ ಹೊತ್ತಿಗೆ ಆ ಕಾರುಗಳು ಒಂದು ಸುತ್ತು ಮುಗಿಸಿ ಹಿಂದಿನಿಂದ ಬಂದು ನನ್ನ ದಾಟಿದವು. ಅವರಿಗೆ ದಾರಿ ಬಿಡೋಣ ಅಂತ ಎಡಕ್ಕೆ ಸರಿದೆ. ಕಾರಿನ ಜೊತೆ ನಾನೂ ಎಡಕ್ಕೆ ವಾಲಿದೆ. ಕುರ್ಚಿ ಕೈಕೊಟ್ಟಿತು. ಎದ್ದು ಪ್ಯಾಂಟು ಕೊಡವಿಕೊಳ್ಳುವಾಗ ಎದುರಿನ ಗೋಡೆ ಮೇಲೆ ಒಂದು ಬೋರ್ಡು ಕಣ್ಣಿಗೆ ಬಿತ್ತು. ಯಾರು ಎಷ್ಟು ಬೇಗ ರೇಸ್ ಮುಗಿಸಿದರು ಅನ್ನುವ ಪಟ್ಟಿ. ಎಲ್ಲರಿಗಿಂತ ಮೇಲೆ ದಪ್ಪ ಅಕ್ಷರದಲ್ಲಿ ಷಡ್ಡಕನ ಹೆಸರು!

ಆ ಹೆಸರಿಗೆ ಬೆರಳು ತೋರಿಸಿದೆ. ‘ಇವರು ದಿನಾ ಬರ್ತಾರಾ?’ ಅಂದೆ. ದಿನಾ ಬರುತ್ತಾನೆ ಅಂದಿದ್ದರೆ ಎಷ್ಟೋ ಸಮಾಧಾನ ಆಗುತ್ತಿತ್ತು.

‘ಇಲ್ಲ ಸಾರ್, ಒಂದೇ ಸಲ ಬಂದಿದ್ದು. ಅಂಗಡಿ ಓಪನಿಂಗ್ ದಿನ ಪಾನಿಪೂರಿ ಪಾರ್ಸಲ್ ಕೊಡಾಕ್ ಬಂದಿದ್ರು. ಚಿಲ್ಲರೆ ತರೋಗಂಟ ಸುಮ್ನೆ ಕೂತಿದ್ರು, ಆವಾಗ ಆಡಿದ್ದು.’

ಕಣ್ಣಿಗೆ ಡಬ್ಬಿ

ಇದನ್ನು ಬರೆಯಬೇಕೋ ಬೇಡವೋ ಅಂತ ಯೋಚಿಸಿದೆ. ಆದರೆ ಷಡ್ಡಕ ಇದರ ವಿಡಿಯೋವನ್ನು ಈಗಾಗಲೇ ಸ್ಟೇಟಸ್ಸಿಗೆ ಹಾಕಿರುವುದರಿಂದ ಮುಚ್ಚಿಟ್ಟು ಪ್ರಯೋಜನವಿಲ್ಲ.

ಬಂಗಾರಪೇಟೆಯಲ್ಲಿ ಎಕ್ಸಿಬಿಷನ್ ಬಂದಿತ್ತು. ಅತ್ತೆ, ಹೆಂಡತಿ, ಷಡ್ಡಕ, ನಾನು ಎಲ್ಲಾ ಹೋಗಿದ್ದೆವು. ಅದರಲ್ಲಿ ಕಣ್ಣಿಗೆ ಡಬ್ಬಿಯಂಥದ್ದು ಕಟ್ಟಿ ಆಡಿಸುವ ಆಟ. ಕಟ್ಟಿಕೊಂಡರೆ ಸುತ್ತಮುತ್ತ ಬೇರೆ ಲೋಕವೇ ಕಾಣುತ್ತದೆ. ಷಡ್ಡಕ ಮೊದಲು ಕಟ್ಟಿಕೊಂಡು, ನಗುನಗುತ್ತಾ ಮುಗಿಸಿ, ಏನೂ ಆಗದವನ ಹಾಗೆ ಬಿಚ್ಚಿಕೊಟ್ಟ. ಅವನು ನಕ್ಕ ಮೇಲೆ ನಾನು ಹಿಂಜರಿಯುವುದುಂಟೇ? ಕಟ್ಟು ಅಂದೆ.

ಒಂದು ತಳ್ಳುಗಾಡಿ ಮೇಲೆ ಕೂತಿದ್ದೇನೆ. ಎದುರಿಗೆ ಗವಿ. ಗಾಡಿ ಮೆಲ್ಲಗೆ ಅಂಚಿಗೆ ಬಂತು, ಬಗ್ಗಿ ನೋಡಿದರೆ ಕೆಳಗೆ ತಳವೇ ಇಲ್ಲ. ಸುಯ್ ಅಂತ ಬಿದ್ದೇ ಬಿದ್ದೆ. ಆಮೇಲೆ ಏನಾಯಿತು ನನಗೆ ಗೊತ್ತಿಲ್ಲ. ವಿಡಿಯೋ ನೋಡಿಯೇ ತಿಳಿದದ್ದು. ‘ಅಣ್ಣಾ! ಕೈ ಬಿಡಬ್ಯಾಡ ಅಣ್ಣಾ!’ ಅಂತ ಎಕ್ಸಿಬಿಷನ್ನಿಗೆಲ್ಲಾ ಕೇಳುವ ಹಾಗೆ ಕೂಗುತ್ತಾ, ಷಡ್ಡಕನ ಕೈಯನ್ನು ಎರಡೂ ಕೈಯಲ್ಲಿ ತಬ್ಬಿ ಹಿಡಿದುಕೊಂಡಿದ್ದೆ. ಅದೇ ಹೆಬ್ಬೆರಳಿನ ಕೈ. ಡಬ್ಬಿ ಬಿಚ್ಚಿದ ಮೇಲೂ ಬಿಟ್ಟಿರಲಿಲ್ಲ.

‘ನಮ್ ಯಜಮಾನ್ರು ಗಣೀಲಿದ್ದಾಗ ದಿನಾ ಕಬ್ಣದ ಕೇಜಲ್ಲಿ ನಿಂತು ಪಾತಾಳಕ್ ಇಳೀತಿದ್ರು,’ ಅಂದರು ಅತ್ತೆ. ‘ಒಂದ್ ದಿನಾನೂ ಇಂಗೆ ಕೂಗ್ಕಂಡಿಲ್ಲ.’

ನನ್ನ ಹೆಂಡತಿ ಮಾತ್ರ ನನ್ನ ಕೈಯನ್ನೇ ನೋಡುತ್ತಿದ್ದಳು. ‘ಕೂಗಿದ್ದು ಓಗ್ಲಿ ಬಿಡಮ್ಮಾ. ಧಾರೆ ದಿವ್ಸ ನನ್ ಕೈನೂ ಇವ್ರು ಇಷ್ಟು ಗಟ್ಟಿಯಾಗಿ ಹಿಡ್ಕಂಡಿರ್ಲಿಲ್ಲ.’

ಐದು ನಿಮಿಷ

ಕೊನೆಗೆ ಷಡ್ಡಕ ತನ್ನ ಮನೆಗೇ ಒಂದು ಗೇಮ್ ಪೆಟ್ಟಿಗೆ ತಂದ. ಟಿ.ವಿ.ಗೆ ಜೋಡಿಸಿ ಆಡುವಂಥದ್ದು. ಸುದ್ದಿ ಕೇಳಿ ಎರಡು ದಿನ ಅನ್ನ ಸೇರಲಿಲ್ಲ. ಭಾನುವಾರ ಹೆಂಡತಿ ಎಳೆದುಕೊಂಡು ಹೋದಳು.

‘ಬಾ ತಮ್ಮಾ, ನಿನಗೇಂತ ಒಂದ್ ಆಟ ಹಾಕ್ಸಿದೀನಿ,’ ಅಂದ. ಟಿ.ವಿ.ಯಲ್ಲಿ ಏನು ನೋಡುತ್ತೇನೆ! ಹಳದಿ ಬಣ್ಣದ ಬುಲ್ಡೋಜರ್!

ದೇವರು ಇದ್ದಾನೆ ಅನ್ನಿಸಿತು. ಒಂದು ಮನೆ, ಕಾಂಪೌಂಡು, ಕರೆಂಟು ಕಂಬ, ಪಕ್ಕದಲ್ಲಿ ಮಣ್ಣಿನ ಗುಡ್ಡೆ. ಹತ್ತು ನಿಮಿಷದಲ್ಲಿ ಮಣ್ಣು ಸಮ ಮಾಡಬೇಕು. ಇಬ್ಬರದೂ ಮುಗಿದ ಮೇಲೆ ಪಾಯಿಂಟು ಒಟ್ಟಿಗೆ ಬರುತ್ತದೆ. ನಾನು ಹೆಂಡತಿ ಕಡೆ ತಿರುಗಿ, ‘ಇವತ್ತು ನೋಡ್ತಿರು,’ ಅಂದೆ. ಇದರಲ್ಲೂ ಸೋತರೆ ಸೋಮವಾರ ಕಾರ್ಖಾನೆ ಗೇಟಲ್ಲಿ ಯಾವ ಮುಖ ಇಟ್ಟುಕೊಂಡು ನಿಲ್ಲಲಿ?

ಮೊದಲು ಷಡ್ಡಕ. ಹೆಬ್ಬೆರಳು ಟಕ್ ಟಕ್ ಟಕ್. ಗಾಡಿ ಹುಚ್ಚು ಹಿಡಿದ ಹಾಗೆ ನುಗ್ಗಿತು. ಕಾಂಪೌಂಡಿಗೆ ಒಂದು ಗುದ್ದು, ಕಂಬಕ್ಕೆ ಒಂದು ಗುದ್ದು, ಮನೆಯ ಮೂಲೆಗೂ ಒಂದು. ಆದರೆ ನಾಲ್ಕೇ ನಿಮಿಷದಲ್ಲಿ ನೆಲ ಸಮ. ಅತ್ತೆ ಚಪ್ಪಾಳೆ ತಟ್ಟಿದರು. ಹೆಂಡತಿ, ‘ನಮ್ ಬಾವ ನೋಡ್ರೀ!’ ಅಂದಳು. ನಾನು ಹಲ್ಲು ಕಚ್ಚಿಕೊಂಡು ಕೈಗೆ ಆಟದ ಹಿಡಿ ತೆಗೆದುಕೊಂಡೆ.

ಗಾಡಿಯಿಂದ ಕೆಳಗೆ ಇಳಿದು ಓಡಾಡುವುದಕ್ಕೂ ಆ ಆಟದಲ್ಲಿ ಬಟನ್ ಇತ್ತು. ಇಳಿದೆ. ಗಾಡಿಯ ಸುತ್ತ ಒಂದು ಸುತ್ತು ಬಂದೆ. ಆ ಕಡೆ ಚೈನು ನೋಡಿದೆ, ಈ ಕಡೆ ಚೈನು ನೋಡಿದೆ.

‘ಏನ್ ಮಾಡ್ತಿದ್ದೀಯಪ್ಪಾ?’ ಅಂದ ಷಡ್ಡಕ.

‘ಆಯಿಲ್ ಲೀಕ್ ಐತಾ ನೋಡ್ತಾ ಇದ್ದೀನಿ.’

‘ಟಿ.ವಿ. ಒಳಗೆ ಆಯಿಲ್ ಎಲ್ಲಿಂದ ಬತ್ತದೆ?’

ಕೆಲಸ ಗೊತ್ತಿಲ್ಲದವನ ಹತ್ತಿರ ಏನು ಮಾತು? ಹತ್ತಿ ಕೂತು ಇಂಜಿನ್ ಸ್ಟಾರ್ಟ್ ಮಾಡಿದೆ. ಹಿಡಿಯನ್ನು ಮೆಲ್ಲಗೆ ತೊಡೆ ಮೇಲೆ ಇಟ್ಟುಕೊಂಡು ಕೈಕಟ್ಟಿ ಕೂತೆ.

‘ಯಾಕ್ರೀ ಸುಮ್ನೆ ಕೂತ್ರಿ?’ ಅಂದಳು ಹೆಂಡತಿ.

‘ಇಂಜಿನ್ ಬಿಸಿ ಆಗ್ಬೇಕು. ಐದು ನಿಮಿಷ.’

ಪೂರ್ತಿ ಐದು ನಿಮಿಷ ಗೋಡೆ ಗಡಿಯಾರ ನೋಡುತ್ತಾ ಕೂತೆ. ಟಿ.ವಿ.ಯಲ್ಲಿ ಗಾಡಿ ಗುಡುಗುಡು ಅನ್ನುತ್ತಿತ್ತು. ಆಮೇಲೆ ಹಾರನ್ ಹುಡುಕಿದೆ. ಪುಣ್ಯಕ್ಕೆ ಇದರಲ್ಲಿ ಇತ್ತು, ಎರಡು ಸಲ ಹೊಡೆದೆ. ಗುಡ್ಡೆಗೆ ನೇರ ಬರಲು ಗಾಡಿ ಸ್ವಲ್ಪ ಹಿಂದಕ್ಕೆ ತೆಗೆಯಬೇಕಿತ್ತು. ಹಿಂದೆ ತಿರುಗಿ ನೋಡಿದೆ. ಗೋಡೆಗೆ ಒರಗಿಕೊಂಡು ಅತ್ತೆ ಕೂತಿದ್ದರು.

‘ಅತ್ತೇ, ಸ್ವಲ್ಪ ಪಕ್ಕಕ್ ಬನ್ನಿ. ರಿವರ್ಸ್ ತಗೋತಾ ಇದ್ದೀನಿ.’

ಅತ್ತೆ ಗಾಬರಿಯಿಂದ ಎದ್ದು, ಎಲೆಅಡಿಕೆ ತಟ್ಟೆ ಸಮೇತ ಅಡುಗೆಮನೆ ಬಾಗಿಲಿಗೆ ಹೋಗಿ ನಿಂತರು. ನಾನು ಮುಂದೆ ತಿರುಗುವಷ್ಟರಲ್ಲಿ ಪೀಂ ಅಂತ ಸೀಟಿ ಬಿತ್ತು. ಹತ್ತು ನಿಮಿಷ ಮುಗಿದಿತ್ತು. ಒಂದು ಹಿಡಿ ಮಣ್ಣೂ ಅಲ್ಲಾಡಿರಲಿಲ್ಲ. ಷಡ್ಡಕ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ನನಗೆ ತಲೆ ಎತ್ತಲು ಆಗಲಿಲ್ಲ.

ಅಷ್ಟರಲ್ಲಿ ಟಿ.ವಿ.ಯಲ್ಲಿ ಪಾಯಿಂಟು ಬಂತು. ಷಡ್ಡಕನಿಗೆ ಮಣ್ಣು ಸಮ ಮಾಡಿದ್ದಕ್ಕೆ ನೂರು. ಕಾಂಪೌಂಡಿಗೆ ಐವತ್ತು ಕಳೆಯಿತು, ಕಂಬಕ್ಕೆ ಐವತ್ತು, ಮನೆಯ ಮೂಲೆಗೆ ನಲವತ್ತು. ಒಟ್ಟು ಮೈನಸ್ ನಲವತ್ತು. ನನ್ನದು ಕೆಲಸಕ್ಕೆ ಸೊನ್ನೆ, ನಷ್ಟಕ್ಕೆ ಸೊನ್ನೆ, ಒಟ್ಟು ಸೊನ್ನೆ. ಮೊದಲನೇ ಸ್ಥಾನ ನನಗೆ!

ಷಡ್ಡಕನ ನಗು ನಿಂತುಹೋಯಿತು. ‘ಇದೇನ್ ದರಿದ್ರ ಗೇಮಪ್ಪಾ ಇದು!’ ಅಂದ. ಇಷ್ಟು ವರ್ಷ ನನ್ನ ಹೊಟ್ಟೆಯಲ್ಲಿದ್ದ ಉರಿ ಅವನ ಮುಖದಲ್ಲಿ ಕಂಡಿತು. ಅದನ್ನು ಕಣ್ತುಂಬ ನೋಡಿದೆ.

ನನ್ನ ಹೆಂಡತಿ ಎದ್ದು ನಿಂತು ಚಪ್ಪಾಳೆ ತಟ್ಟಿ ಕೂಗಿದಳು, ‘ಅಮ್ಮಾ, ನಮ್ಮೋರು ಗೆದ್ರು!’

ಬಂತು! ಎರಡೂ ಮಾತು ಬಂತು! ನನಗೆ ಕಣ್ಣಲ್ಲಿ ನೀರೇ ತುಂಬಿತು. ಅಷ್ಟಕ್ಕೇ ನಿಲ್ಲಿಸಿದ್ದರೆ ಅವಳ ಗಂಟೇನು ಹೋಗುತ್ತಿತ್ತು?

‘ಗೆಲ್ದೆ ಇನ್ನೇನಮ್ಮಾ?’ ಅಂದಳು ಅತ್ತೆಗೆ. ‘ಒಂದ್ ಕಡ್ಡೀನೂ ಅಲ್ಲಾಡಿಸ್ದೆ ಕೂತಿರೋ ಆಟಾನ ಮನೇಲಿ ಇಪ್ಪತ್ತೈದು ವರ್ಷದಿಂದ ಪ್ರಾಕ್ಟೀಸ್ ಮಾಡವ್ರೆ!’