ಮುನಿಗಂಗಪ್ಪ ಕೇಳದ ಕೂಗು

ಆ ಶನಿವಾರ ಪುಟ್ಟಸ್ವಾಮಯ್ಯನವರು ಕೋಲಾರದ ಮೀಟಿಂಗಿಗೆ ಹೊರಡುವ ಗಡಿಬಿಡಿಯಲ್ಲಿ ಸೈರನ್ನಿನ ಸರಪಳಿಗೆ ಬೀಗ ಹಾಕುವುದನ್ನು ಮರೆತರು. ಛತ್ರಿ ಮರೆತಿದ್ದರೆ ಅವರೊಬ್ಬರೇ ನೆನೆಯುತ್ತಿದ್ದರು. ಬೀಗ ಮರೆತದ್ದಕ್ಕೆ ಶಿಡ್ಲಘಟ್ಟದ ಒಂದು ಬೀದಿಗೆ ಬೀದಿಯೇ ಮಟಮಟ ಮಧ್ಯಾಹ್ನ ಓಡಬೇಕಾಯಿತು.

ಅದು ತೊಂಬತ್ತೆರಡನೇ ಇಸವಿ. ಹಳೇ ರೇಷ್ಮೆ ಫಿಲೇಚರ್ ಮುಚ್ಚಿ ಆರು ವರ್ಷವಾಗಿತ್ತು. ಮುನ್ನೂರು ಹೆಂಗಸರು ಸಾಲಾಗಿ ಕೂತು ಬಿಸಿನೀರಿನ ಬೇಸಿನ್ನಿನಲ್ಲಿ ಗೂಡು ಅದ್ದಿ ನೂಲು ಬಿಚ್ಚುತ್ತಿದ್ದ ಶೆಡ್ಡುಗಳಲ್ಲಿ ಒಂದಕ್ಕೆ ಮಾತ್ರ ಈಗ ಸುಣ್ಣ ಬಳಿದು ಇಟ್ಟಿದ್ದರು. ಶನಿವಾರ ಬಂತೆಂದರೆ ಸುತ್ತಲಿನ ಸ್ಕೂಲುಗಳ ಮಕ್ಕಳು ಬರುತ್ತಿದ್ದರು. ಬರೀ ನೋಡಿಕೊಂಡು ಹೋಗುವ ಹಾಗಿರಲಿಲ್ಲ. ಗೂಡು ಬೇಯಿಸಿ, ಎಳೆ ಹುಡುಕಿ, ರಾಟೆ ತಿರುಗಿಸಿ, ಒಂದು ಗೇಣಾದರೂ ನೂಲು ತಮ್ಮ ಕೈಯಾರೆ ತೆಗೆದು ಹೋಗಬೇಕು. ಇದಕ್ಕೆಲ್ಲ ಮೇಲ್ವಿಚಾರಕರು ಪುಟ್ಟಸ್ವಾಮಯ್ಯ. ಎಳೆ ಹಿಡಿಯುವುದನ್ನು ಹೇಳಿಕೊಡಲು, ಮೊದಲು ಅಲ್ಲೇ ದುಡಿದ ಗಂಗುಲಮ್ಮ. ನೀರು ಕಾಯಿಸಿ ಆವಿ ಕೊಡಲು ಬಾಯ್ಲರ್ ಮುನಿಗಂಗಪ್ಪ.

ಮುನಿಗಂಗಪ್ಪನಿಗೆ ಐವತ್ತೆಂಟು ವಯಸ್ಸು. ಫಿಲೇಚರ್ ನಡೆಯುತ್ತಿದ್ದ ಇಪ್ಪತ್ತಾರು ವರ್ಷವೂ ಬಾಯ್ಲರ್ ಉರಿಸಿದವನು ಅವನೇ, ಸೈರನ್ ಕೂಗಿಸಿದವನೂ ಅವನೇ. ಬೆಳಗ್ಗೆ ಒಂದು, ಮಧ್ಯಾಹ್ನ ಒಂದು, ಸಾಯಂಕಾಲ ಒಂದು. ಊರಿನವರು ಅದನ್ನು ಕೇಳಿ ಎದ್ದರು, ಉಂಡರು, ಮಕ್ಕಳನ್ನು ಸ್ಕೂಲಿಗೆ ಅಟ್ಟಿದರು. ಎಷ್ಟೋ ವರ್ಷದ ಮೇಲೂ ಸಂತೆಯಲ್ಲಿ ಸಿಕ್ಕವರು, "ನಿನ್ ಕೂಗು ಎಷ್ಟ್ ಚೆಂದಿತ್ತಪ್ಪಾ, ಬೆಳಗ್ಗೆ ಚಳೀಲಿ ಹೊದ್ದು ಮಲ್ಗಿರ್ವಾಗ ಕೇಳಿಸ್ತಿದ್ರೆ ಯಾರೋ ನಮ್ಮೋರೇ ಕರ್ದಂಗಾಗ್ತಿತ್ತು" ಎನ್ನುತ್ತಿದ್ದರು.

ಮುನಿಗಂಗಪ್ಪ ತಲೆಯಾಡಿಸಿ ನಕ್ಕು ಮುಂದೆ ಹೋಗುತ್ತಿದ್ದ. ಯಾಕೆಂದರೆ ಆ ಚೆಂದ ಏನೆಂದು ಅವನಿಗೆ ಗೊತ್ತಿರಲಿಲ್ಲ. ಅವನು ನಿಲ್ಲುತ್ತಿದ್ದುದು ಸೈರನ್ನಿನ ಬುಡದಲ್ಲಿ. ಅಲ್ಲಿ ನಿಂತವನಿಗೆ ಅದು ಕೂಗಲ್ಲ, ತಲೆಯ ಮೇಲೆ ತಾಮ್ರದ ಹಂಡೆ ಕವುಚಿ ಒನಕೆಯಲ್ಲಿ ಬಡಿದ ಹಾಗೆ. ಅವನು ರಜೆ ಹಾಕಿದ ದಿನ ಊರಿಗೆ ಕೂಗೇ ಇರಲಿಲ್ಲ. ಟೈಮ್‌ಕೀಪರ್ ಚೆನ್ನರಾಯಪ್ಪ ಒಂದು ಕಬ್ಬಿಣದ ಪಟ್ಟಿಗೆ ಸುತ್ತಿಗೆಯಿಂದ ಬಡಿದು ಕೆಲಸ ಮುಗಿಸುತ್ತಿದ್ದರು. ಹೀಗಾಗಿ ಊರಿಗೆಲ್ಲ ಕೇಳಿಸಿದ್ದು ಮುನಿಗಂಗಪ್ಪನೊಬ್ಬನಿಗೆ ಕೇಳಿಸದೆ ಉಳಿದುಹೋಗಿತ್ತು. ಸಾಯುವುದರೊಳಗೆ ಒಂದು ಸಲ, ತನ್ನ ಮನೆ ಜಗಲಿಯ ಮೇಲೆ ಕಾಲು ಚಾಚಿ ಕೂತು, ದೂರದಿಂದ ಅದನ್ನು ಕೇಳಬೇಕು ಎಂದು ಅವನಿಗೆ ಆಸೆ. ಹೇಳಿಕೊಂಡರೆ ನಗುತ್ತಾರೆಂದು ಹೆಂಡತಿ ಆಂಜಿನಮ್ಮನಿಗೂ ಹೇಳಿರಲಿಲ್ಲ.

ಫಿಲೇಚರ್ ಮುಚ್ಚಿದ ಮೇಲೆ ಕೂಗೂ ನಿಂತಿತು. ಮಕ್ಕಳಿಗೆಂದು ಮತ್ತೆ ಬಾಯ್ಲರ್ ಹಚ್ಚಿದಾಗಲೆಲ್ಲ ಪುಟ್ಟಸ್ವಾಮಯ್ಯ ಮೊದಲು ಸರಪಳಿಗೆ ಬೀಗ ಜಡಿಯುತ್ತಿದ್ದರು. "ಕೂಗ್ಸಿದ್ರೆ ಜನ ಫ್ಯಾಕ್ಟ್ರಿ ತೆಗೆದ್ರು ಅಂದ್ಕೊಂಡು ಬಂದ್ಬಿಡ್ತಾರೆ. ನಿಂಗೆ ದಿನಗೂಲಿ ಬೇಡಾಂತಿದ್ರೆ ಎಳಿ" ಎಂದಿದ್ದರು.

ಆ ಶನಿವಾರ ಬಂದವರು ತೊಂಡೇಬಾವಿ ಕಡೆಯ ಒಂದು ಹೈಸ್ಕೂಲಿನ ಮೂವತ್ತೆಂಟು ಮಕ್ಕಳು, ಜೊತೆಗೆ ಚರಿತ್ರೆಯ ಮೇಷ್ಟ್ರು ವೆಂಕಟೇಶಮೂರ್ತಿ. ಮೇಷ್ಟ್ರು ಬಲು ಮೆತ್ತನೆಯ ಮನುಷ್ಯ. ಗೂಡಿನೊಳಗಿನ ಹುಳು ಸಾಯುತ್ತದೆ ಎಂದು ತಿಳಿದು ಐದು ನಿಮಿಷ ಮಂಕಾದರು. ಗಂಗುಲಮ್ಮನ ಬೆರಳುಗಳು ಬಿಸಿನೀರಿಗೆ ಬೆಂದು ಬೆಳ್ಳಗಾಗಿದ್ದನ್ನು ನೋಡಿ ಮತ್ತೆ ಐದು ನಿಮಿಷ ಮಂಕಾದರು. ಮಕ್ಕಳು ಮಾತ್ರ ಹಬ್ಬಕ್ಕೆ ಬಂದವರ ಹಾಗಿದ್ದರು. ಕಣ್ಣಿಗೆ ಕಾಣದಷ್ಟು ಸಣ್ಣ ಎಳೆ ಕೈಗೆ ಸಿಕ್ಕಿದಾಗ ಒಬ್ಬ ಹುಡುಗಿ ಉಸಿರೇ ಬಿಡದೆ ನಿಂತುಬಿಟ್ಟಳು. "ಉಸ್ರು ಬಿಡಮ್ಮ, ಎಳೆ ಕಿತ್ತೋಗಲ್ಲ" ಎಂದು ಗಂಗುಲಮ್ಮ ಬೆನ್ನು ಸವರಿದಳು.

ಹನ್ನೊಂದೂಕಾಲಿಗೆ ಮುನಿಗಂಗಪ್ಪ ಸರಪಳಿ ನೋಡಿದ. ಬೀಗವಿಲ್ಲ. ಕೈಯಿಂದ ಮುಟ್ಟಿ ನೋಡಿದ, ಇಲ್ಲವೇ ಇಲ್ಲ. ಮೆಲ್ಲಗೆ ಮೇಷ್ಟ್ರ ಹತ್ತಿರ ಹೋದ.

"ಸಾರ್, ನಿಮ್ ಮಕ್ಕಳು ಸೈರನ್ ಕೇಳ್ಬೇಕಾ?"

"ಅದಿನ್ನೂ ಕೂಗುತ್ತಾ?"

"ಕೂಗ್ತದೆ. ಆದ್ರೆ ಸೌದೆ ಇಷ್ಟೇ ಇರೋದು, ಒಂದೇ ಒಂದು ಕೂಗಿಗೆ ಆವಿ ಆಗ್ತದೆ. ಹನ್ನೆರಡಕ್ಕೆ ಸರಿಯಾಗಿ ಈ ಸರಪಳಿ ಎಳೆದು, ಹತ್ತು ಎಣಿಸಿ ಬಿಡ್ಬೇಕು. ನೀವೇ ಎಳೀಬೇಕು ಸಾರ್."

"ನೀವು?"

"ನಂಗೆ ಮನೆ ಹತ್ರ ಒಂಚೂರು ಕೆಲ್ಸ ಐತೆ."

"ಎಂಥ ಕೆಲ್ಸ?"

ಜಗಲಿ ಮೇಲೆ ಕೂರುವ ಕೆಲಸ ಎಂದು ಹೇಗೆ ಹೇಳುವುದು? ಮುನಿಗಂಗಪ್ಪ ತಡವರಿಸಿ, "ಮಾತ್ರೆ ತಗೊಳ್ಳೋದೈತೆ ಸಾರ್" ಎಂದ. ಮೇಷ್ಟ್ರು ಮೂರನೆಯ ಸಲ ಮಂಕಾದರು.

ಬೆಂಕಿ ತಗ್ಗಿಸಿ, ಆವಿಯ ಒತ್ತಡ ತೋರಿಸುವ ಮುಳ್ಳಿನ ಮೇಲೆ ಒಂದು ಕಣ್ಣಿಡಲು ಗಂಗುಲಮ್ಮನಿಗೆ ಹೇಳಿ, ಮುನಿಗಂಗಪ್ಪ ಗೇಟು ದಾಟಿದ. ಮನೆಗೆ ಕಾಲು ಗಂಟೆಯ ದಾರಿ. ಮೂಲೆಯಲ್ಲೇ ಬಯ್ಯಪ್ಪನ ಟೀ ಅಂಗಡಿ. ಬಯ್ಯಪ್ಪ ಆಕಾಶ ನೋಡಿ, ಇವನನ್ನು ನೋಡಿ, "ಏಮಪ್ಪಾ, ಹೊಗೆ ಅಲ್ಲೈತೆ, ನೀನು ಇಲ್ಲಿದ್ದೀಯ?" ಎಂದ.

"ಮಾತ್ರೆ ತಗೊಳ್ಳೋಕೆ ಹೋಗ್ತಿದೀನಿ."

"ಯಾತಕ್ಕೆ ಮಾತ್ರೆ? ಎದೆನಾ?"

ಮುನಿಗಂಗಪ್ಪ ನಿಲ್ಲಲಿಲ್ಲ. ನಿಂತು ಉತ್ತರ ಕೊಟ್ಟಿದ್ದರೇ ವಾಸಿಯಾಗಿತ್ತು. ಯಾರದೋ ಸೈಕಲ್ಲಿನ ಹಿಂದೆ ಕೂತ ಸುದ್ದಿ ಅವನಿಗಿಂತ ಮೊದಲೇ ಅವನ ಬೀದಿ ಸೇರಿತು. ಅವನು ಮನೆ ಮುಟ್ಟುವ ಹೊತ್ತಿಗೆ ಜಗಲಿಯ ಮೇಲೆ ಚೆನ್ನರಾಯಪ್ಪನವರು ಆಗಲೇ ಚಾಪೆ ಹಾಸಿ ಕಾಯುತ್ತಿದ್ದರು. ಟೈಮ್‌ಕೀಪರ್ ಕೆಲಸ ಹೋದರೂ ಅವರ ಕೈಗಡಿಯಾರ ಹೋಗಿರಲಿಲ್ಲ. ಬೀದಿಯಲ್ಲಿ ಯಾರಿಗೆ ಏನಾದರೂ ನಾಡಿ ಎಣಿಸುವುದು ಅವರ ಹಕ್ಕಾಗಿತ್ತು. ಪಕ್ಕದ ಮನೆ ಶ್ಯಾಮಲಮ್ಮ ನಿಂಬೆಹಣ್ಣಿನ ಪಾನಕ ಹಿಡಿದು ಬಂದರು. ಅವರ ಹಿಂದೆ ಬೀದಿಯ ಹದಿನೈದು ಮಂದಿ.

"ಬೆವರು ನೋಡಿ" ಎಂದರು ಶ್ಯಾಮಲಮ್ಮ.

"ಬಿಸಿಲಲ್ಲಿ ನಡ್ಕೊಂಡ್ ಬಂದೆ ಕಣಮ್ಮ."

"ಎದೆ ನೋವಿರೋರೆಲ್ಲ ಹಂಗೇ ಅಂತಾರೆ" ಎಂದು ಚೆನ್ನರಾಯಪ್ಪ ಮಣಿಕಟ್ಟು ಹಿಡಿದರು. "ನೂರಾ ಹತ್ತು. ಅಲ್ಲಲ್ಲ, ನೂರಾ ಹನ್ನೆರಡು."

ಆಂಜಿನಮ್ಮ ಒಳಗಿನಿಂದ ಹಿಟ್ಟಿನ ಕೋಲು ಹಿಡಿದೇ ಬಂದಳು. "ಏನಾಯ್ತು ನಿಮ್ಗೆ?"

"ಏನೂ ಆಗಿಲ್ಲ ಕಣೇ."

ಬೀದಿಯಲ್ಲಿ ಮಾತೋ ಮಾತು. ಒಬ್ಬರು ಚಿಂತಾಮಣಿಯ ಡಾಕ್ಟರ ಹೆಸರು ಹೇಳಿದರೆ ಇನ್ನೊಬ್ಬರು ಚಿಕ್ಕಬಳ್ಳಾಪುರದ ಡಾಕ್ಟರೇ ವಾಸಿ ಎಂದರು. ಗಂಟೆ ಹನ್ನೆರಡಕ್ಕೆ ಐದು ನಿಮಿಷವಿತ್ತು. ಈ ಗದ್ದಲದಲ್ಲಿ ಸೈರನ್ನಿರಲಿ, ಕಿವಿಯ ಪಕ್ಕ ಗುಂಡು ಹಾರಿಸಿದರೂ ಕೇಳಿಸುವಂತಿರಲಿಲ್ಲ. ಮುನಿಗಂಗಪ್ಪ ಎರಡೂ ಕೈ ಜೋಡಿಸಿದ.

"ನಿಮ್ ದಮ್ಮಯ್ಯ, ಒಂದ್ ಹತ್ತು ನಿಮಿಷ ಯಾರೂ ಮಾತಾಡ್ಬೇಡಿ. ನನ್ನ ಪಾಡಿಗೆ ನನ್ನ ಕೂರೋಕೆ ಬಿಡಿ."

ಬೀದಿ ಗಪ್ಪಾಯಿತು. ಅವನು ಕಾಲು ಚಾಚಿ, ಕಣ್ಣು ಮುಚ್ಚಿ, ತಲೆಯನ್ನು ಫಿಲೇಚರ್ ಕಡೆಗೆ ಒಂದಿಷ್ಟು ಓರೆ ಮಾಡಿ ಕೂತ. ಮುಖದಲ್ಲಿ ತಾನಾಗಿ ಒಂದು ಸಣ್ಣ ನಗು ಬಂತು. ಅದನ್ನು ಕಂಡ ಶ್ಯಾಮಲಮ್ಮನಿಗೆ ತಡೆಯಲಾಗಲಿಲ್ಲ. ಸೆರಗು ಬಾಯಿಗಿಟ್ಟು ಬಿಕ್ಕತೊಡಗಿದರು.

ಹನ್ನೆರಡಾಯಿತು. ಎಲ್ಲೋ ಒಂದು ಕೋಳಿ ಕೊಕ್ಕೆಂದಿತು. ಹನ್ನೆರಡು ಎರಡಾಯಿತು. ಮೇಷ್ಟ್ರ ಗಡಿಯಾರ ಹಿಂದಿರಬಹುದು. ಹನ್ನೆರಡು ಹತ್ತಾಯಿತು. ಮುನಿಗಂಗಪ್ಪನ ನಗು ಆರಿ ಹುಬ್ಬು ಗಂಟಾಯಿತು. ಇದನ್ನೂ ಜನ ಬೇರೆ ಥರ ಅರ್ಥ ಮಾಡಿಕೊಂಡರು. "ಕಷ್ಟ ಆಗ್ತಿದೆ, ಪಾಪ" ಎಂದು ಯಾರೋ ಪಿಸುಗುಟ್ಟಿದರು.

ಅಷ್ಟರಲ್ಲಿ ಬೀದಿಯ ಕೊನೆಯಿಂದ ಇಬ್ಬರು ಸ್ಕೂಲ್ ಹುಡುಗಿಯರು ಜಡೆ ಹಾರಿಸಿಕೊಂಡು ಓಡಿಬಂದರು.

"ತಾತಾ, ಬಾಯ್ಲರ್ ಮುಳ್ಳು ಕೆಂಪು ಗೆರೆಗೆ ಬಂದ್ಬಿಟ್ಟಿದ್ಯಂತೆ. ಮೇಷ್ಟ್ರು ಈಗ್ಲೇ ಬರ್ಬೇಕಂದ್ರು."

ಮುನಿಗಂಗಪ್ಪ ಚಿಮ್ಮಿ ಎದ್ದ. ಮೂವತ್ತೆಂಟು ಮಕ್ಕಳು, ಬಾಯ್ಲರು. ಪಂಚೆ ಎತ್ತಿ ಕಟ್ಟಿ ಓಡತೊಡಗಿದ. ಎದೆ ನೋವಿನವನು ಓಡುತ್ತಿದ್ದಾನೆಂದು ಚೆನ್ನರಾಯಪ್ಪ ಗಡಿಯಾರ ಹಿಡಿದು ಹಿಂದೆ ಓಡಿದರು, ಅವರ ಹಿಂದೆ ಪಾನಕದ ಲೋಟದೊಂದಿಗೆ ಶ್ಯಾಮಲಮ್ಮ, ಅವರ ಹಿಂದೆ ಬೀದಿಯೆಲ್ಲ. ಟೀ ಅಂಗಡಿಯ ಮುಂದೆ ಬಯ್ಯಪ್ಪನೂ ಸೇರಿಕೊಂಡ, ಯಾಕೆಂದು ಕೇಳದೆ. ಮಂಡಿನೋವಿನ ಆಂಜಿನಮ್ಮ ಮಾತ್ರ ನಾಲ್ಕು ಹೆಜ್ಜೆ ಹಾಕಿ, ಆಗದೆ, ಜಗಲಿಯ ಮೇಲೆ ಕುಸಿದು ಕೂತಳು.

ಗೇಟಿನೊಳಗೆ ಕಾಲಿಟ್ಟವನು ಮೊದಲು ನೋಡಿದ್ದು ಮುಳ್ಳನ್ನು. ಅದು ಎಲ್ಲಿರಬೇಕೋ ಅಲ್ಲೇ ಇತ್ತು. ಆಮೇಲೆ ನೋಡಿದರೆ ಮಕ್ಕಳು ಎರಡು ಸಾಲಾಗಿ ನಿಂತಿದ್ದಾರೆ. ನಡುವೆ ಮೇಷ್ಟ್ರು, ಕೈಯಲ್ಲಿ ಮಕ್ಕಳೇ ಬಿಚ್ಚಿದ ಹಳದಿ ನೂಲಿನ ಲಡಿ. ಅದನ್ನು ತಂದು ಅವನ ಕೊರಳಿಗೆ ಹಾಕಿದರು.

"ಸಾರ್, ಮುಳ್ಳು..."

"ಕ್ಷಮಿಸ್ಬೇಕು. ಆ ಸುಳ್ಳು ಹೇಳ್ಸಿದ್ದು ನಾನೇ. ಹಂಗೆ ಹೇಳ್ದೆ ಇದ್ರೆ ನೀವು ಬರ್ತಿರ್ಲಿಲ್ಲ. ನಾನು ಸರಪಳಿಗೆ ಕೈ ಹಾಕ್ದೆ, ಗಂಗುಲಮ್ಮನೋರು ಹೇಳಿದ್ರು, ಇಪ್ಪತ್ತಾರು ವರ್ಷ ಇದನ್ನ ಇನ್ಯಾರೂ ಎಳೆದಿಲ್ಲ ಅಂತ. ಮೈ ಹುಷಾರಿಲ್ದೆ ಇದ್ರೂ ನಮ್ ಮಕ್ಕಳಿಗೆ ನೀರು ಕಾಯ್ಸಿ ಕೊಟ್ರಿ, ಗೌರವ ಮಾತ್ರ ನನಗೆ ಬಿಟ್ಟು ಹೊರಟ್ರಿ. ನನಗೆ ಕೈ ಏಳ್ಲಿಲ್ಲ."

"ಸಾರ್, ನೀವೇ ಎಳೀರಿ ಸಾರ್. ನಾನು ಓಡಿ ಮನೆಗೆ ಹೋಗ್ಬಿಡ್ತೀನಿ. ಕಾಲು ಗಂಟೆ ಕೊಡಿ."

"ನಾಚ್ಕೋಬ್ಯಾಡವೋ ಮುನಿಗಂಗಪ್ಪ" ಎಂದು ಚೆನ್ನರಾಯಪ್ಪ ಹಿಂದಿನಿಂದ ಬೆನ್ನು ತಟ್ಟಿದರು. ಬೀದಿಯವರು ಚಪ್ಪಾಳೆ ಹೊಡೆದರು. ಸೌದೆ ಮುಗಿದಿತ್ತು, ಮುಳ್ಳು ಕೂದಲೆಳೆಯಷ್ಟು ಕೆಳಗಿಳಿಯುವುದು ಅವನೊಬ್ಬನಿಗೆ ಮಾತ್ರ ಕಾಣಿಸುತ್ತಿತ್ತು. ಇನ್ನು ಕಾಲು ಗಂಟೆ ಕಾದರೆ ಕೂಗು ಯಾರಿಗೂ ಇಲ್ಲ. ಮೂವತ್ತೆಂಟು ಮುಖ ಅವನ ಕೈಯನ್ನೇ ನೋಡುತ್ತಿದ್ದವು.

ಮುನಿಗಂಗಪ್ಪ ಎಳೆದ.

ಹಂಡೆ ಕವುಚಿತು, ಒನಕೆ ಬಡಿಯಿತು. ಹತ್ತು ಎಣಿಸಿ ಬಿಟ್ಟ. ಕಿವಿಯಲ್ಲಿ ಗುಂಯ್ ಎನ್ನುತ್ತಿರುವಾಗಲೇ ಗೇಟಿನ ಹತ್ತಿರ ಹೆಂಗಸರು ಕಾಣಿಸಿದರು. ಮೊದಲು ಐದಾರು ಜನ, ಆಮೇಲೆ ನಲವತ್ತು, ಐವತ್ತು. ಕೂಗು ಕೇಳಿ, ರೇಷ್ಮೆ ನೂಲು ಬಿಚ್ಚುವ ಚರಕದ ಮನೆಗಳಿಂದ ಒದ್ದೆ ಕೈಯಲ್ಲೇ ಬಂದ ಹಳೇ ಕೆಲಸಗಾರರು. "ಮತ್ತೆ ತೆಗೆದ್ರೇನಮ್ಮ?" ಎಂದು ಒಬ್ಬಾಕೆ ಕೇಳಿದಳು. "ಇಲ್ಲ ಕಣ್ರೇ, ಸ್ಕೂಲ್ ಮಕ್ಕಳಿಗೆ ಕೂಗ್ಸಿದ್ದು" ಎಂದಳು ಗಂಗುಲಮ್ಮ. ಆಮೇಲೆ ಒಬ್ಬಾಕೆ ಒಳಗೆ ಬಂದು, ತನ್ನ ಹಳೇ ಜಾಗದ ಬೇಸಿನ್ನಿನ ಮುಂದೆ ಕೂತು, "ಬಾಮ್ಮ ಇಲ್ಲಿ, ಹಿಂಗಲ್ಲ ಹಿಡಿಯೋದು" ಎಂದು ಒಬ್ಬ ಹುಡುಗಿಯ ಕೈ ಹಿಡಿದಳು. ಉಳಿದವರೂ ತಂತಮ್ಮ ಜಾಗ ಹಿಡಿದರು, ನೀರು ತಣ್ಣಗಾಗುವವರೆಗೂ ಅವರಾರೂ ಏಳಲಿಲ್ಲ.

ಸಾಯಂಕಾಲ ಮುನಿಗಂಗಪ್ಪ ಆಂಜಿನಮ್ಮನನ್ನು ಕೇಳಿದ. "ಮಧ್ಯಾಹ್ನ ಕೂಗು ಕೇಳಿಸ್ತಾ?"

"ಕೇಳಿಸ್ದೆ ಏನು."

"ಎಂಗಿತ್ತು?"

"ಎಂಗಿರ್ತದೆ? ಯಾವಾಗ್ಲೂ ಇದ್ದಂಗೇ ಇತ್ತು."

ಸೋಮವಾರ ಪುಟ್ಟಸ್ವಾಮಯ್ಯ ಬಂದು ಕೂಗಾಡಿದ್ದು ಮಾತ್ರ ಬುಡದಲ್ಲಿ ನಿಂತವನಿಗೂ ಸ್ಪಷ್ಟವಾಗಿ ಕೇಳಿಸಿತು. ಕೆಲಸ ಹೋಯಿತೆಂದೇ ಮುನಿಗಂಗಪ್ಪ ತಿಳಿದ. ಆದರೆ ಮೇಷ್ಟ್ರು ಸುಮ್ಮನಿರಬೇಕಲ್ಲ. ಮೂವತ್ತೆಂಟು ಮಕ್ಕಳ ಕೈಯಲ್ಲೂ ಮೇಲಧಿಕಾರಿಗಳಿಗೆ ಒಂದೊಂದು ಕಾಗದ ಬರೆಸಿದ್ದರು. ಹದಿನೈದು ದಿನಕ್ಕೆ ಆದೇಶ ಬಂತು. ಪುಟ್ಟಸ್ವಾಮಯ್ಯ ಅದನ್ನು ಗಂಟಲು ಸರಿಮಾಡಿಕೊಂಡು ಓದಿದರು.

"ಇನ್ನು ಮುಂದೆ ಪ್ರತಿ ಶನಿವಾರ ಮಧ್ಯಾಹ್ನ ಹನ್ನೆರಡು ಗಂಟೆಗೆ ಸರಿಯಾಗಿ ಶಾಲಾ ಮಕ್ಕಳ ಸಮಕ್ಷಮ ಸೈರನ್ ಕೂಗಿಸತಕ್ಕದ್ದು. ಸದರಿ ಸರಪಳಿಯನ್ನು ಶ್ರೀ ಮುನಿಗಂಗಪ್ಪನವರೇ ಖುದ್ದಾಗಿ ಎಳೆಯತಕ್ಕದ್ದು, ಬೇರೆ ಯಾರೂ ಮುಟ್ಟತಕ್ಕದ್ದಲ್ಲ. ಸದರಿಯವರಿಗೆ ಶನಿವಾರಗಳಂದು ಯಾವ ಕಾರಣಕ್ಕೂ ರಜೆ ನೀಡತಕ್ಕದ್ದಲ್ಲ." ಕಾಗದ ಮಡಿಚಿ, "ಅದೃಷ್ಟವಂತ ಕಣಯ್ಯ ನೀನು" ಎಂದರು.

ಆ ಸಂಜೆ ಮುನಿಗಂಗಪ್ಪ ಜಗಲಿಯ ಮೇಲೆ ಗೋಡೆಗೊರಗಿ ಕೂತಿದ್ದ. ಊರೆಲ್ಲ ಹೊಗಳಿ ಹೋಗಿತ್ತು. ಮುಖ ಯಾಕೆ ಹೀಗಿದೆ ಎಂದು ಆಂಜಿನಮ್ಮ ಮೂರು ಸಲ ಕೇಳಿದ ಮೇಲೆ, ನೆಲ ನೋಡುತ್ತ ಎಲ್ಲ ಹೇಳಿದ. ಅವಳು ನಗಲಿಲ್ಲ. ಸ್ವಲ್ಪ ಯೋಚಿಸಿ, ಅಂಗೈಯನ್ನು ಬಾಯಿಗೆ ಮರೆ ಮಾಡಿ, ಸಣ್ಣಗೆ, "ಊ..." ಎಂದು ಶುರುಮಾಡಿ, ದನಿಯನ್ನು ನಿಧಾನವಾಗಿ ಮೇಲೆತ್ತಿ, ಅಲ್ಲೇ ಒಂದಿಷ್ಟು ಹೊತ್ತು ನಿಲ್ಲಿಸಿ, ಇಳಿಸಿದಳು.

"ಆಂಜಿನಮ್ಮ, ಕರು ಗಿರು ಏನಾದ್ರೂ ತಂದ್ರಾ?" ಎಂದು ಗೋಡೆಯಾಚೆಯಿಂದ ಶ್ಯಾಮಲಮ್ಮ ಕೇಳಿದರು.

ಆಂಜಿನಮ್ಮ ನಾಚಿ ನಿಲ್ಲಿಸಿದಳು. ಮುನಿಗಂಗಪ್ಪ ಕಣ್ಣು ಮುಚ್ಚಿಕೊಂಡೇ ಇದ್ದ.

"ಇನ್ನೊಂಚೂರು ದೂರ ಹೋಗಿ ಕೂಗೇ" ಎಂದ.

ಅವಳು ಮಂಡಿಯ ಮೇಲೆ ಕೈಯೂರಿ ಎದ್ದು, ಹಿತ್ತಲ ಕೊನೆಯ ಬಾವಿಯವರೆಗೆ ಮೆಲ್ಲಗೆ ನಡೆದು ಹೋಗಿ, ಮತ್ತೆ ಕೂಗಿದಳು.